ಹಸುಗೂಸಿನ ಹೃದಯ: ರೋಗವೂ ಚಿಕಿತ್ಸೆಯೂ

ಹೃದಯದ ಬೇನೆಯೆಂಬುದು ವಯಸ್ಸಾದವರಿಗೆ ಮಾತ್ರ ಬರತಕ್ಕದ್ದೆಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ಆದರೆ ಹುಟ್ಟುವ 1000 ಮಕ್ಕಳಲ್ಲಿ ಸುಮಾರು 8ರಿಂದ 10 ಮಕ್ಕಳು ಹೃದಯದ ಯಾವುದಾದರೊಂದು ದೋಷದೊಡನೆಯೇ ಹುಟ್ಟುತ್ತವೆ ಎಂಬುದು ವೈದ್ಯಶಾಸ್ತ್ರವು ಕಂಡುಕೊಂಡ ಸಂಗತಿ. ನಮ್ಮ ಎರಡನೆಯ ಮಗುವಿಗೆ ಇಂಥ ದೋಷವಿದ್ದುದರಿಂದ ನಾವು ಈ ವಿಷಯವನ್ನು ತಿಳಿಯಬೇಕಾಯಿತು. ಶಾಲೆಯ ಈ ವಾರ್ಷಿಕ ಸಂಚಿಕೆಯು ಕಾಸರಗೋಡಿನ ಹಳ್ಳಿಹಳ್ಳಿಗಳ ಮನೆಗಳನ್ನು ಸೇರುತ್ತದೆಯಾದುದರಿಂದ, ನಾವು ಕಂಡು ಕೇಳಿ ತಿಳಿದುದನ್ನು ಇತರ ಹೆತ್ತವರ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ಹೃದಯದ ರಚನೆಯನ್ನು ನೆನಪಿಗೆ ತಂದುಕೊಳ್ಳೋಣ. ವಿದ್ಯಾರ್ಥಿಗಳು ಇದನ್ನು ಪಾಠದಲ್ಲಿ ಓದಿಯೇ ಇದ್ದಾರೆ. ಅವರವರ ಮುಷ್ಟಿಯಷ್ಟು ಗಾತ್ರದ ಈ ಅಂಗದಲ್ಲಿ ನಾಲ್ಕು ಕೋಣೆಗಳುಂಟು. ಮೇಲಿನ ಎರಡು ಹೃತ್ಕರ್ಣಗಳು. ಕೆಳಗಿನ ಎರಡು ಹೃತ್ಕುಕ್ಷಿಗಳು. ದೇಹವನ್ನೆಲ್ಲ ಸುತ್ತಿ ಆಮ್ಲಜನಕವನ್ನು ಕಳೆದುಕೊಂಡ ರಕ್ತವು ಬಲಭಾಗಕ್ಕೆ ಬಂದು, ಅಲ್ಲಿಂದ ಶ್ವಾಸಕೋಶಗಳಿಗೆ ಹೋಗುತ್ತದೆ. ಅಲ್ಲಿ ಆಮ್ಲಜನಕವನ್ನು ಪಡೆದು ಕೆಂಪೇರಿದ ರಕ್ತವು ಎಡಭಾಗಕ್ಕೆ ಬಂದು, ಮಹಾಧಮನಿಯ ಮೂಲಕ ದೇಹಕ್ಕೆಲ್ಲ ಹರಿಯುತ್ತದೆ. ಈ ಎರಡು ಬಗೆಯ ರಕ್ತ ಒಂದರೊಡನೊಂದು ಬೆರೆಯದಂತೆ ನಡುವೆ ಗೋಡೆಯಿದೆ. ರಕ್ತ ಹಿಂದಕ್ಕೆ ಹರಿಯದಂತೆ ಕವಾಟಗಳಿವೆ.

ತಾಯಿಯ ಗರ್ಭದಲ್ಲಿರುವಾಗ ಈ ವ್ಯವಸ್ಥೆ ಬೇರೆಯಾಗಿರುತ್ತದೆ. ಆಗ ಶಿಶುವು ಉಸಿರಾಡುವುದಿಲ್ಲ. ಆಮ್ಲಜನಕವು ತಾಯಿಯ ರಕ್ತದಿಂದ ಮಾಸುವಿನ ಮೂಲಕ ದೊರೆಯುತ್ತದೆ. ಆದುದರಿಂದ ಶ್ವಾಸಕೋಶಗಳನ್ನು ಬಳಸಿ ಹೋಗುವ ಎರಡು ಅಡ್ಡದಾರಿಗಳು ಶಿಶುವಿನಲ್ಲಿರುತ್ತವೆ: ಹೃತ್ಕರ್ಣಗಳ ನಡುವಿನ ಒಂದು ಕಿಂಡಿ, ಮತ್ತು ಶ್ವಾಸಕೋಶದ ಧಮನಿಯನ್ನು ಮಹಾಧಮನಿಗೆ ಜೋಡಿಸುವ ಒಂದು ನಾಳ. ಮಗು ಹುಟ್ಟಿ ಉಸಿರಾಡತೊಡಗಿದೊಡನೆ ಇವು ಮುಚ್ಚಿಕೊಳ್ಳತೊಡಗುತ್ತವೆ. ಹೃದಯವು ರೂಪುಗೊಳ್ಳುವುದು ಗರ್ಭಧಾರಣೆಯ 3ನೆಯ ವಾರದಿಂದ 8ನೆಯ ವಾರದೊಳಗೆ; ಎಂದರೆ ಎಷ್ಟೋ ಸಲ ತಾಯಿಗೆ ತಾನು ಬಸುರಿಯೆಂಬುದು ತಿಳಿಯುವ ಹೊತ್ತಿಗೆ ಆ ಕೆಲಸ ಬಹುಭಾಗ ಮುಗಿದಿರುತ್ತದೆ. ಆ ಕಾಲದಲ್ಲಿ ಗೋಡೆ ಪೂರ್ಣವಾಗದೆ ಉಳಿದರೆ ರಂಧ್ರವಾಗುತ್ತದೆ. ಕವಾಟ ಸರಿಯಾಗಿ ಬೆಳೆಯದಿದ್ದರೆ ದಾರಿ ಕಿರಿದಾಗುತ್ತದೆ.

ಎಲ್ಲ ದೋಷಗಳೂ ಸಮಾನ ಗಂಭೀರವಲ್ಲ. ಹೃತ್ಕುಕ್ಷಿಗಳ ನಡುವಿನ ಸಣ್ಣ ರಂಧ್ರಗಳು ಅನೇಕ ಮಕ್ಕಳಲ್ಲಿ ತಾವಾಗಿಯೇ ಮುಚ್ಚಿಹೋಗುತ್ತವೆ. ಮುಚ್ಚದೆ ಉಳಿದ ನಾಳವನ್ನೂ ಕೆಲವು ಬಗೆಯ ರಂಧ್ರಗಳನ್ನೂ ಇಂದು ಎದೆಯನ್ನು ತೆರೆಯದೆ, ತೊಡೆಯ ರಕ್ತನಾಳದ ಮೂಲಕ ಸಣ್ಣ ಕೊಳವೆಯನ್ನು ತೂರಿಸಿ ಮುಚ್ಚುತ್ತಾರೆ. ನಮ್ಮ ಮಗುವಿಗಿದ್ದುದು ಮಾತ್ರ ಶಸ್ತ್ರಚಿಕಿತ್ಸೆಯಿಂದಲೇ ಸರಿಪಡಿಸಬೇಕಾದ ದೋಷ. 1888ರಲ್ಲಿ ಫ್ರಾನ್ಸಿನ ವೈದ್ಯ ಎತಿಯೆನ್ ಲೂಯಿ ಫಾಲೋ ಎಂಬಾತನು ಇದನ್ನು ವಿವರವಾಗಿ ವರ್ಣಿಸಿದುದರಿಂದ ಅದಕ್ಕೆ ಅವನ ಹೆಸರೇ ನಿಂತಿದೆ. ಇದರಲ್ಲಿ ನಾಲ್ಕು ದೋಷಗಳು ಕೂಡಿರುತ್ತವೆ: ಹೃತ್ಕುಕ್ಷಿಗಳ ನಡುವೆ ದೊಡ್ಡ ರಂಧ್ರ, ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದಾಗಿರುವುದು, ಮಹಾಧಮನಿಯು ರಂಧ್ರದ ಮೇಲೆಯೇ ಸವಾರಿಯಾಗಿರುವುದು, ಮತ್ತು ಬಲ ಹೃತ್ಕುಕ್ಷಿಯ ಗೋಡೆ ದಪ್ಪವಾಗಿರುವುದು. ಶ್ವಾಸಕೋಶದ ದಾರಿ ಕಿರಿದಾದುದರಿಂದ ಕೆಟ್ಟ ರಕ್ತವು ರಂಧ್ರದ ಮೂಲಕ ಮಹಾಧಮನಿಗೆ ನುಗ್ಗಿ, ಮೈ ನೀಲಿಗಟ್ಟುತ್ತದೆ. ಮಕ್ಕಳ ಮೈಯನ್ನು ನೀಲಿಯಾಗಿಸುವ ಹೃದಯದೋಷಗಳಲ್ಲಿ ಇದೇ ಅತಿ ಸಾಮಾನ್ಯವಾದುದು.

ನಮ್ಮ ಮಗು 2019ರ ಆರಂಭದಲ್ಲಿ ಹುಟ್ಟಿದಾಗ ನೋಟಕ್ಕೆ ಆರೋಗ್ಯವಾಗಿಯೇ ಇತ್ತು. ಎರಡು ತಿಂಗಳಾಗುವಾಗ, ಹಾಲು ಕುಡಿಯುತ್ತ ನಡುನಡುವೆ ದಣಿದು ನಿಲ್ಲಿಸುವುದನ್ನೂ, ಅತ್ತಾಗ ತುಟಿ ಮತ್ತು ಉಗುರುಗಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುವುದನ್ನೂ ಕಂಡೆವು. ಚುಚ್ಚುಮದ್ದಿಗೆಂದು ಒಯ್ದಿದ್ದಾಗ ಆರೋಗ್ಯ ಕೇಂದ್ರದ ವೈದ್ಯರು ಎದೆಗೆ ನಳಿಗೆಯಿಟ್ಟು ಆಲಿಸಿ, ಹೃದಯದ ಸದ್ದಿನೊಡನೆ ಇನ್ನೊಂದು ಸದ್ದು ಸೇರಿದೆಯೆಂದು ಹೇಳಿ, ಆ ವಾರವೇ ಹೃದಯತಜ್ಞರಲ್ಲಿಗೆ ಕಳುಹಿಸಿದರು. ಕಾಲ್ಬೆರಳಿಗೆ ಸಿಕ್ಕಿಸುವ ಒಂದು ಸಣ್ಣ ಯಂತ್ರವು ರಕ್ತದಲ್ಲಿರುವ ಆಮ್ಲಜನಕದ ಪ್ರಮಾಣವನ್ನು ಬೆಳಕಿನ ಸಹಾಯದಿಂದ ಅಳೆಯುತ್ತದೆ. ಆರೋಗ್ಯವಂತ ಮಗುವಿನಲ್ಲಿ ಅದು ನೂರಕ್ಕೆ 95ಕ್ಕಿಂತ ಮೇಲಿರತಕ್ಕದ್ದು. ನಮ್ಮ ಮಗುವಿನಲ್ಲಿ 78 ಇತ್ತು. ಬಳಿಕ ಎಕೋ ಪರೀಕ್ಷೆ ನಡೆಯಿತು. ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಎದೆಯೊಳಗೆ ಹಾಯಿಸಿ, ಅವುಗಳ ಮರುದನಿಯಿಂದ ಹೃದಯದ ಚಿತ್ರವನ್ನು ಪರದೆಯ ಮೇಲೆ ಮೂಡಿಸುವ ಈ ಪರೀಕ್ಷೆಯಿಂದ ನೋವಾಗಲಿ ಅಪಾಯವಾಗಲಿ ಇಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ರೋಗದ ಸುದ್ದಿ ಹರಡಿದಾಗ, ಗ್ರಹಣದ ದಿನ ಹೊರಗೆ ಹೋದುದರಿಂದ ಹೀಗಾಯಿತೆಂದು ಕೆಲವರೂ, ಪಪ್ಪಾಯಿ ತಿಂದುದರಿಂದ ಆಯಿತೆಂದು ಕೆಲವರೂ ಹೇಳಿದರು. ಹೇಳಿದವರಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೂ ನಮ್ಮಿಬ್ಬರಲ್ಲಿ ತಾಯಿಯಾದವಳು ಎಷ್ಟೋ ರಾತ್ರಿ ನಿದ್ದೆಯಿಲ್ಲದೆ, ತಾನು ಮಾಡಿದುದೇನೆಂದು ಯೋಚಿಸುತ್ತ ಕಳೆದಳು. ವೈದ್ಯರನ್ನು ಕೇಳಿದಾಗ ಅವರು ಹೇಳಿದುದಿಷ್ಟು: ಬಹುಪಾಲು ಮಕ್ಕಳಲ್ಲಿ ಇಂಥ ದೋಷಕ್ಕೆ ಒಂದು ನಿಶ್ಚಿತ ಕಾರಣವನ್ನು ತೋರಿಸಲಾಗುವುದಿಲ್ಲ. ಬಸುರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ಜ್ವರ ತಗಲುವುದು, ಹತೋಟಿಯಲ್ಲಿರದ ಮಧುಮೇಹ, ಕೆಲವು ಔಷಧಗಳು, ವರ್ಣತಂತುಗಳ ವ್ಯತ್ಯಾಸ, ಹತ್ತಿರದ ರಕ್ತಸಂಬಂಧದ ಮದುವೆ ಇವು ಸಂಭವವನ್ನು ಹೆಚ್ಚಿಸುತ್ತವೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಮಗುವಿನ ಆರೈಕೆಗೆ ತಾಯಿಯ ಧೈರ್ಯವೇ ಆಧಾರವಾಗಿರುವಾಗ, ಅವಳ ಮೇಲೆ ದೋಷ ಹೊರಿಸುವುದು ಆ ಮಗುವಿಗೇ ಮಾಡುವ ಅಪಕಾರ. ಬಂಧುಗಳು ಇದನ್ನು ಮರೆಯಬಾರದು.

ಶಸ್ತ್ರಚಿಕಿತ್ಸೆಗೆ ಮಗು ಸ್ವಲ್ಪ ಬೆಳೆಯಬೇಕೆಂದು ವೈದ್ಯರು ತಿಳಿಸಿದರು. ಆ ಕಾಯುವ ತಿಂಗಳುಗಳೇ ನಮಗೆ ಅತ್ಯಂತ ಕಠಿಣವಾದುವು. ಈ ರೋಗದಲ್ಲಿ ಒಮ್ಮೊಮ್ಮೆ, ಬಹುಮಟ್ಟಿಗೆ ಬೆಳಗಿನ ಹೊತ್ತು, ಅತ್ತಾಗ ಅಥವಾ ಮಲವಿಸರ್ಜನೆಯ ಸಮಯದಲ್ಲಿ ಶ್ವಾಸಕೋಶದ ದಾರಿ ಇನ್ನಷ್ಟು ಬಿಗಿದುಕೊಂಡು, ಮಗು ಒಮ್ಮೆಲೆ ಕಡುನೀಲಿಯಾಗಿ, ಏದುಸಿರು ಬಿಡುತ್ತ ಸೋತುಹೋಗುತ್ತದೆ. ಆಗ ಮಾಡಬೇಕಾದುದನ್ನು ವೈದ್ಯರು ಮೊದಲೇ ಕಲಿಸಿದ್ದರು: ಮಗುವಿನ ಮೊಣಕಾಲುಗಳನ್ನು ಮಡಿಸಿ ಎದೆಗೆ ಒತ್ತಿ ಹಿಡಿದು, ಸಮಾಧಾನಪಡಿಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕಾಲುಗಳನ್ನು ಮಡಿಸಿದಾಗ ಅಲ್ಲಿಯ ಧಮನಿಗಳು ಒತ್ತಲ್ಪಟ್ಟು ದೇಹದ ಕಡೆಯ ಹರಿವಿಗೆ ತಡೆ ಹೆಚ್ಚುತ್ತದೆ. ಆದುದರಿಂದ ರಕ್ತವು ಶ್ವಾಸಕೋಶದ ಕಡೆಗೆ ಹೆಚ್ಚಾಗಿ ತಿರುಗುತ್ತದೆ. ಚಿಕಿತ್ಸೆ ದೊರೆಯದೆ ಬೆಳೆದ ಮಕ್ಕಳು ಆಡುತ್ತಿದ್ದಂತೆಯೇ ಕುಕ್ಕರಗಾಲಿನಲ್ಲಿ ಕುಳಿತುಬಿಡುವುದು ಇದೇ ಕಾರಣದಿಂದ. ನಾಲ್ಕನೆಯ ತಿಂಗಳಿನಲ್ಲಿ ಒಂದು ಮುಂಜಾವ ನಮ್ಮ ಮಗುವಿಗೆ ಹೀಗಾಯಿತು; ಕಲಿತ ಪಾಠ ಆಗ ಕೈಗೂಡಿತು. ಅಂದಿನಿಂದ ದಾರಿ ಬಿಗಿಯದಂತೆ ತಡೆಯುವ ಔಷಧವನ್ನೂ, ಕಬ್ಬಿಣದ ಸತ್ವವನ್ನೂ ವೈದ್ಯರು ಹೇಳಿದ ಅಳತೆಯಲ್ಲಿ ಕೊಟ್ಟೆವು. ಇಂಥ ಮಕ್ಕಳ ರಕ್ತ ಗಟ್ಟಿಯಾಗುವುದುಂಟು. ಆದುದರಿಂದ ವಾಂತಿಭೇದಿಯಾಗಿ ಮೈಯ ನೀರು ಬತ್ತದಂತೆ ಬಹಳ ಜಾಗ್ರತೆ ಬೇಕು.

ಎಂಟನೆಯ ತಿಂಗಳಿನಲ್ಲಿ ಕರೆ ಬಂದಿತು. ಗಂಟುಮೂಟೆಯೊಡನೆ ರಾಜ್ಯದ ಇನ್ನೊಂದು ತುದಿಯ ಆಸ್ಪತ್ರೆಗೆ ಹೋದರೆ, ಮಗುವಿಗೆ ನೆಗಡಿ ಹತ್ತಿದ್ದ ಕಾರಣ ಒಂದು ತಿಂಗಳು ಮುಂದೂಡಿದರು. ಶ್ವಾಸಕೋಶದಲ್ಲಿ ಸೋಂಕಿರುವಾಗ ಇಂಥ ಶಸ್ತ್ರಚಿಕಿತ್ಸೆ ಅಪಾಯಕರವೆಂಬುದು ಬಳಿಕ ಅರ್ಥವಾಯಿತು. ಎರಡನೆಯ ಬಾರಿ ಹೋದಾಗ ವೈದ್ಯರು ನಮ್ಮನ್ನು ಕುಳ್ಳಿರಿಸಿ, ಏನು ಮಾಡುವರೆಂಬುದನ್ನು ಮಲಯಾಳದಲ್ಲಿ ವಿವರಿಸಿದರು. ಮನೆಯಲ್ಲಿ ಕನ್ನಡವನ್ನಾಡುವ ನಮಗೆ ಪೇಟೆಯ ವ್ಯವಹಾರಕ್ಕೆ ಸಾಲುವಷ್ಟು ಮಲಯಾಳ ಬರುತ್ತದೆ; ಆದರೆ ಒಪ್ಪಿಗೆಯ ಪತ್ರದ ಮಾತುಗಳು ಹಾಗಲ್ಲ. ನಮ್ಮೊಡನೆ ಬಂದಿದ್ದ ಹಿರಿಯ ಮಗಳು ಆಗ ಇದೇ ಶಾಲೆಯ ವಿದ್ಯಾರ್ಥಿನಿ. ಅವಳು ಕಾಗದದ ಮೇಲೆ ಹೃದಯದ ನಾಲ್ಕು ಕೋಣೆಗಳನ್ನು ಬರೆದು, ಹೃತ್ಕುಕ್ಷಿ, ಕವಾಟ, ಧಮನಿ ಎಂದು ಶಾಲೆಯಲ್ಲಿ ಕಲಿತ ಹೆಸರುಗಳನ್ನು ಗುರುತಿಸಿದಳು. ವೈದ್ಯರು ಆ ಚಿತ್ರದ ಮೇಲೆಯೇ ಗೆರೆಯೆಳೆದು ತೋರಿಸಿದರು. ಹಾಗೆ ತಿಳಿದುಕೊಂಡ ಮೇಲೆಯೇ ನಾವು ಸಹಿ ಹಾಕಿದೆವು. ತಿಳಿಯದ ಭಾಷೆಯ ಪತ್ರಕ್ಕೆ ಸಹಿ ಹಾಕುವ ಮೊದಲು, ಅದನ್ನು ತಮಗೆ ತಿಳಿಯುವ ಭಾಷೆಯಲ್ಲಿ ವಿವರಿಸುವಂತೆ ಕೇಳುವ ಹಕ್ಕು ಎಲ್ಲ ಹೆತ್ತವರಿಗೂ ಉಂಟು, ಕೇಳಲು ಸಂಕೋಚಪಡಬೇಕಾಗಿಲ್ಲ.

ಈ ಚಿಕಿತ್ಸೆ ಸಾಧ್ಯವಾದ ಬಗೆಯನ್ನು ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿಯಬೇಕು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಹೆಲೆನ್ ಟಾಸಿಗ್ ಎಂಬ ವೈದ್ಯೆ ನೀಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಕಿವಿ ಮಂದವಾಗಿದ್ದುದರಿಂದ ಆಕೆ ಮಕ್ಕಳ ಎದೆಯ ಮಿಡಿತವನ್ನು ಕೈಯಿಂದ ಮುಟ್ಟಿಯೇ ಅರಿಯುತ್ತಿದ್ದಳು. ಶ್ವಾಸಕೋಶಕ್ಕೆ ಹೊಸದೊಂದು ರಕ್ತದ ದಾರಿಯನ್ನು ಜೋಡಿಸಬಹುದೆಂಬ ಆಕೆಯ ಸಲಹೆಯಂತೆ, 1944ರ ನವೆಂಬರ್ 29ರಂದು ಆಲ್‌ಫ್ರೆಡ್ ಬ್ಲಾಲಾಕ್ ಎಂಬ ಶಸ್ತ್ರವೈದ್ಯನು ಒಂದು ಹೆಣ್ಣುಮಗುವಿಗೆ ಆ ಚಿಕಿತ್ಸೆ ನಡೆಸಿದನು. ಅದರ ವಿಧಾನವನ್ನು ಪ್ರಯೋಗಶಾಲೆಯಲ್ಲಿ ನಾಯಿಗಳ ಮೇಲೆ ಸಾಧಿಸಿದವನು ವಿವಿಯನ್ ಥಾಮಸ್ ಎಂಬ ಕರಿಯ ಜನಾಂಗದ ಸಹಾಯಕ. ಬಡತನದಿಂದಾಗಿ ವೈದ್ಯ ವಿದ್ಯೆಯನ್ನು ಕಲಿಯಲಾಗದ ಆತನು ಅಂದು ಬ್ಲಾಲಾಕನ ಬೆನ್ನ ಹಿಂದೆ ನಿಂತು ಹೆಜ್ಜೆಹೆಜ್ಜೆಗೂ ದಾರಿ ತೋರಿಸಿದನು. ಆತನಿಗೆ ಗೌರವ ಡಾಕ್ಟರೇಟ್ ದೊರೆತುದು 1976ರಲ್ಲಿ.

ಹೃದಯದ ಒಳಗನ್ನೇ ತೆರೆದು ಸರಿಪಡಿಸಬೇಕಾದರೆ ಅಷ್ಟು ಹೊತ್ತು ಅದರ ಕೆಲಸವನ್ನು ಬೇರೊಂದು ವಹಿಸಬೇಕು. 1953ರ ಮೇ 6ರಂದು ಜಾನ್ ಗಿಬ್ಬನ್ ಎಂಬಾತನು ಹೃದಯ ಮತ್ತು ಶ್ವಾಸಕೋಶಗಳೆರಡರ ಕೆಲಸವನ್ನೂ ಮಾಡುವ ಯಂತ್ರದಿಂದ ಒಂದು ಶಸ್ತ್ರಚಿಕಿತ್ಸೆಯನ್ನು ಯಶಸ್ವಿಯಾಗಿ ನಡೆಸಿದನು. ಮರುವರ್ಷ ಮಿನೆಸೋಟಾದಲ್ಲಿ ವಾಲ್ಟನ್ ಲಿಲ್ಲೆಹೈ ಯಂತ್ರಕ್ಕೆ ಬದಲಾಗಿ ಮನುಷ್ಯನನ್ನೇ ಬಳಸಿದನು: ತಂದೆಯನ್ನು ಮಗುವಿನ ಪಕ್ಕದಲ್ಲಿ ಮಲಗಿಸಿ, ಇಬ್ಬರ ರಕ್ತನಾಳಗಳನ್ನೂ ಕೊಳವೆಗಳಿಂದ ಜೋಡಿಸಿ, ತಂದೆಯ ಹೃದಯವೇ ಮಗುವಿನ ದೇಹಕ್ಕೂ ರಕ್ತವನ್ನು ಹರಿಸುವಂತೆ ಮಾಡಿದನು. ಆ ಮೊದಲ ಮಗು ಕೆಲವು ದಿನಗಳ ಬಳಿಕ ನ್ಯುಮೋನಿಯಾದಿಂದ ತೀರಿಕೊಂಡಿತು. ಆದರೆ ಅದೇ ಉಪಾಯದಿಂದ 1954ರ ಆಗಸ್ಟ್ 31ರಂದು ಫಾಲೋ ವರ್ಣಿಸಿದ ದೋಷವನ್ನು ಮೊದಲ ಬಾರಿಗೆ ಹೃದಯದೊಳಗೇ ಸರಿಪಡಿಸಲಾಯಿತು. ಇಂದು ಎಲ್ಲೆಡೆಯೂ ಯಂತ್ರವೇ ಆ ಕೆಲಸವನ್ನು ಮಾಡುತ್ತದೆ.

ನಮ್ಮ ಮಗುವಿಗೂ ಹಾಗೆಯೇ ಆಯಿತು. ಎದೆಯ ಮೂಳೆಯನ್ನು ತೆರೆದು, ರಕ್ತವನ್ನು ಯಂತ್ರಕ್ಕೆ ತಿರುಗಿಸಿ, ಔಷಧದಿಂದ ಹೃದಯದ ಮಿಡಿತವನ್ನು ನಿಲ್ಲಿಸಿ, ರಂಧ್ರಕ್ಕೆ ತೇಪೆ ಹಾಕಿ, ಕಿರಿದಾದ ದಾರಿಯನ್ನು ಅಗಲಿಸಿದರು. ಅನುಭವವುಳ್ಳ ಕೇಂದ್ರಗಳಲ್ಲಿ ಈ ಚಿಕಿತ್ಸೆಗೊಳಗಾದ 100 ಮಕ್ಕಳಲ್ಲಿ 95ಕ್ಕೂ ಹೆಚ್ಚು ಮಕ್ಕಳು ಬದುಕಿ ಉಳಿಯುತ್ತವೆಂದು ವೈದ್ಯರು ಹೇಳಿದ್ದರು. ಬಾಗಿಲ ಹೊರಗೆ ಕುಳಿತ ಆ ಆರು ಗಂಟೆಗಳಲ್ಲಿ ನಮ್ಮ ಮನಸ್ಸು ಮಿಕ್ಕ ಐದನ್ನೇ ಎಣಿಸುತ್ತಿತ್ತು. ತೀವ್ರ ನಿಗಾ ಘಟಕದಲ್ಲಿ ಮಗುವನ್ನು ಮೊದಲು ಕಂಡಾಗ ಬಾಯಿಯಲ್ಲಿ ಉಸಿರಾಟದ ಕೊಳವೆ, ಎದೆಯಿಂದ ಕಶ್ಮಲವನ್ನು ಹೊರಗೊಯ್ಯುವ ಕೊಳವೆಗಳು, ಕೈಕಾಲುಗಳಿಗೆ ತಂತಿಗಳು ಇದ್ದುವು. ಪ್ರತಿಯೊಂದೂ ಏಕೆಂಬುದನ್ನು ದಾದಿಯರು ಮೊದಲೇ ತಿಳಿಸಿದ್ದುದರಿಂದ ಧೈರ್ಯಗೆಡಲಿಲ್ಲ. ನಾವು ನೋಡಿದುದು ಉಗುರುಗಳನ್ನು. ಅವು ಕೆಂಪಾಗಿದ್ದುವು. ಎರಡನೆಯ ದಿನ ಉಸಿರಾಟದ ಕೊಳವೆಯನ್ನು ತೆಗೆದರು. ಬಳಿಕ ಹಾಲನ್ನು ಮಿಲಿಲೀಟರುಗಳಲ್ಲಿ ಅಳೆದು ಕೊಡತೊಡಗಿದರು. ಹದಿಮೂರನೆಯ ದಿನ ಊರಿಗೆ ಮರಳಿದೆವು.

ವೆಚ್ಚದ ಮಾತನ್ನೂ ಹೇಳಬೇಕು. ಕೇರಳ ಸರಕಾರವು 2017ರಲ್ಲಿ ಆರಂಭಿಸಿದ ‘ಹೃದ್ಯಂ’ ಯೋಜನೆಯಂತೆ, ಹೃದಯದೋಷದೊಡನೆ ಹುಟ್ಟಿದ ಮಕ್ಕಳ ಹೆಸರನ್ನು ನೋಂದಾಯಿಸಿದರೆ, ರೋಗದ ತುರ್ತನ್ನು ನೋಡಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ದೊರೆಯುತ್ತದೆ. ಇತರ ರಾಜ್ಯಗಳಲ್ಲಿರುವ ಕನ್ನಡಿಗ ಬಂಧುಗಳು ಕೇಂದ್ರ ಸರಕಾರವು 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂಲಕ ನೆರವನ್ನು ಕೇಳಬಹುದು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಅದರ ಉದ್ದೇಶ. ಅಂಗನವಾಡಿಯಲ್ಲಾಗಲಿ ಆಶಾ ಕಾರ್ಯಕರ್ತೆಯರಲ್ಲಾಗಲಿ ವಿಚಾರಿಸಿದರೆ ದಾರಿ ತೋರಿಸುವರು.

ಹೆತ್ತವರು ಗಮನಿಸಬೇಕಾದ ಲಕ್ಷಣಗಳನ್ನು ಒಟ್ಟಿಗೆ ಹೇಳುತ್ತೇವೆ: ಹಾಲು ಕುಡಿಯುವಾಗ ಹಣೆ ಬೆವರುವುದು, ಬೇಗ ದಣಿಯುವುದು, ವೇಗವಾದ ಉಸಿರಾಟ, ತೂಕ ಏರದಿರುವುದು, ಮತ್ತೆ ಮತ್ತೆ ಶ್ವಾಸಕೋಶದ ಸೋಂಕು, ತುಟಿ ಮತ್ತು ನಾಲಿಗೆ ನೀಲಿಯಾಗುವುದು. ಇವುಗಳಲ್ಲಿ ಯಾವುದೊಂದು ಕಂಡರೂ ವೈದ್ಯರಿಗೆ ತೋರಿಸಬೇಕು. ಬಸುರಿಯರಿಗೆ 18ರಿಂದ 22ನೆಯ ವಾರದಲ್ಲಿ ನಡೆಸುವ ಪರೀಕ್ಷೆಯಿಂದ ಅನೇಕ ದೋಷಗಳು ಮೊದಲೇ ತಿಳಿಯುತ್ತವೆ.

ನಮ್ಮ ಮಗ ಈಗ ಇದೇ ಶಾಲೆಯ ಕೆಳಗಿನ ತರಗತಿಯೊಂದರಲ್ಲಿ ಓದುತ್ತಿದ್ದಾನೆ. ಅಗಲಿಸಿದ ಕವಾಟವು ಮುಂದೆ ಸೋರುವ ಸಂಭವವಿರುವುದರಿಂದ ಆಯುಷ್ಯದುದ್ದಕ್ಕೂ ಆಗಾಗ ಪರೀಕ್ಷೆ ಬೇಕು. ಹಲ್ಲಿನ ಹುಳುಕಿನಿಂದ ರೋಗಾಣುಗಳು ಹೃದಯವನ್ನು ಸೇರದಂತೆ ಬಾಯಿಯನ್ನು ಶುಚಿಯಾಗಿಡಬೇಕು. ಆಟಕ್ಕೆ ವೈದ್ಯರು ಅನುಮತಿ ಕೊಟ್ಟಿದ್ದಾರೆ. ಆತನ ಎದೆಯ ಗೆರೆಯನ್ನು ಕಂಡು ಬಾಲಕರು ಹಾಸ್ಯಮಾಡದೆ, ಕನಿಕರದಿಂದ ದೂರವಿಡದೆ, ಜೊತೆಯಲ್ಲಿ ಓಡಲು ಕರೆಯುವುದೇ ಅವರು ಮಾಡಬಹುದಾದ ಉಪಕಾರ. ಹಿರಿಯರಿಂದಲೂ ಒಂದು ಉಪಕಾರವನ್ನು ಬೇಡುತ್ತೇವೆ. ಅಂದು ನಮ್ಮ ಮಗುವಿಗೆ ಬೇಕಾದ ರಕ್ತವನ್ನು ಕೊಟ್ಟವರು ಯಾರೆಂಬುದು ನಮಗೆ ತಿಳಿಯದು. 18 ವರ್ಷ ತುಂಬಿದ ಆರೋಗ್ಯವಂತರು ವರ್ಷಕ್ಕೊಮ್ಮೆಯಾದರೂ ರಕ್ತದಾನ ಮಾಡಬೇಕು. ಈ ಲೇಖನವನ್ನೋದಿ ಒಂದು ಮನೆಯವರಾದರೂ ಕೂಸನ್ನು ಕಾಲಕ್ಕೆ ಸರಿಯಾಗಿ ವೈದ್ಯರಲ್ಲಿಗೆ ಒಯ್ದರೆ ನಾವು ಕೃತಾರ್ಥರು.