ಚಂಡಮಾರುತದ ಮುನ್ನೆಚ್ಚರಿಕೆ: ಊರಿನ ಕೊನೆಯ ಮನೆಯಿಂದ ಆರಂಭಿಸಿರಿ

ಚಂಡಮಾರುತಕ್ಕೆ ಬಡವ ಬಲ್ಲಿದರೆಂಬ ಭೇದವಿಲ್ಲವೆಂದು ಜನರು ಹೇಳುವುದುಂಟು. ಗಾಳಿಯ ಮಟ್ಟಿಗೆ ಈ ಮಾತು ನಿಜ. ಆದರೆ ಗಾಳಿ ಅಡಗಿದ ಮೇಲೆ ಯಾರ ಮನೆ ನಿಂತಿದೆ, ಯಾರ ಮನೆ ನೆಲಸಮವಾಗಿದೆ, ಯಾರ ಮನೆಯಲ್ಲಿ ಸಾವು ಸಂಭವಿಸಿದೆ ಎಂಬುದನ್ನು ಎಣಿಸಿ ನೋಡಿದರೆ, ನಷ್ಟವು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಈ ಅಂತರವನ್ನು ಉಂಟುಮಾಡಿದ್ದು ಗಾಳಿಯಲ್ಲ. ಗಾಳಿ ಬೀಸುವುದಕ್ಕೆ ಬಹಳ ಮುಂಚೆಯೇ ನಮ್ಮ ಸಮಾಜದಲ್ಲಿ ಬೇರೂರಿದ್ದ ಅಸಮಾನತೆ. ಆದುದರಿಂದ ಚಂಡಮಾರುತವನ್ನು ಎದುರಿಸುವ ಸಿದ್ಧತೆಯು ಪ್ರತಿಯೊಂದು ಕುಟುಂಬದ ಕರ್ತವ್ಯವಾಗಿರುವಂತೆಯೇ ಇಡೀ ಊರಿನ ಕರ್ತವ್ಯವೂ ಆಗಿದೆ.

ಚಂಡಮಾರುತ ಎಂದರೇನು?

ಸಮುದ್ರದ ನೀರು ಹೆಚ್ಚಾಗಿ ಕಾದಾಗ ಅದರ ಮೇಲಿನ ತೇವದ ಗಾಳಿ ಮೇಲಕ್ಕೇರಿ, ಆ ಸ್ಥಳದಲ್ಲಿ ವಾಯುಭಾರ ಕುಸಿಯುತ್ತದೆ. ಸುತ್ತಣ ಗಾಳಿ ಅಲ್ಲಿಗೆ ಸುತ್ತುತ್ತ ನುಗ್ಗುತ್ತದೆ. ಈ ಗಾಳಿಯ ವೇಗವು ಗಂಟೆಗೆ 62 ಕಿಲೋಮೀಟರ್ ಮುಟ್ಟಿದಾಗ ಅದನ್ನು ಚಂಡಮಾರುತವೆಂದು ಕರೆದು ಹೆಸರಿಡಲಾಗುತ್ತದೆ. ವೇಗವು 221 ಕಿಲೋಮೀಟರ್ ದಾಟಿದರೆ ಅದು ಮಹಾ ಚಂಡಮಾರುತ. ನಮ್ಮ ದೇಶದಲ್ಲಿ ಮುಂಗಾರಿಗೆ ಮೊದಲು ಏಪ್ರಿಲ್‌ನಿಂದ ಜೂನ್‌ವರೆಗೆ, ಅನಂತರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇದರ ಭಯ ಹೆಚ್ಚು.

ಗಾಳಿಗಿಂತಲೂ ಹೆಚ್ಚು ಪ್ರಾಣಹಾನಿ ಮಾಡುವುದು ನೀರು. ಗಾಳಿಯ ಒತ್ತಡದಿಂದ ಸಮುದ್ರವೇ ಉಬ್ಬಿ ದಡವನ್ನು ದಾಟಿ ಒಳನಾಡಿಗೆ ನುಗ್ಗುತ್ತದೆ. 1977ರ ನವೆಂಬರ್ 19ರಂದು ಆಂಧ್ರದ ಕೃಷ್ಣಾ ನದಿಯ ಮುಖಜ ಭೂಮಿಯಾದ ದಿವಿ ಸೀಮೆಗೆ ಇಂತಹ ಸುಮಾರು 5 ಮೀಟರ್ ಎತ್ತರದ ನೀರು ನುಗ್ಗಿ ಸಹಸ್ರಾರು ಜನರು ಮಡಿದರು.

ಬಂಗಾಳ ಕೊಲ್ಲಿಗೆ ಹೋಲಿಸಿದರೆ ಅರಬ್ಬೀ ಸಮುದ್ರವು ಶಾಂತವೆಂಬ ಭಾವನೆ ನಮ್ಮ ಕರಾವಳಿಯಲ್ಲಿ ಬಹುಕಾಲದಿಂದ ಇತ್ತು. ಆದರೆ 2007ರ ‘ಗೋನು’ ಮತ್ತು 2019ರ ‘ಕ್ಯಾರ್’ ಇದೇ ಸಮುದ್ರದಲ್ಲಿ ಎದ್ದ ಮಹಾ ಚಂಡಮಾರುತಗಳು. 2021ರ ಮೇ ತಿಂಗಳಲ್ಲಿ ‘ತೌಕ್ತೆ’ಯು ಗುಜರಾತಿನಲ್ಲಿ ದಡ ಸೇರುವ ಮೊದಲು ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಕಡಲತೀರದ ಮನೆಗಳಿಗೂ ರಸ್ತೆಗಳಿಗೂ ಹಾನಿ ಮಾಡಿತು. ಆದುದರಿಂದ ‘ನಮ್ಮ ಊರಿಗೆ ಬಾರದು’ ಎಂಬ ನಂಬಿಕೆಯನ್ನು ಬಿಡುವುದು ಕ್ಷೇಮಕರ.

ಹಾನಿ ಏಕೆ ಸಮನಾಗಿರುವುದಿಲ್ಲ?

ಮೊದಲನೆಯದಾಗಿ, ವಾಸದ ಸ್ಥಳ. ಎತ್ತರದ ಗಟ್ಟಿ ನೆಲವು ಅನುಕೂಲಸ್ಥರ ಪಾಲಾಗುತ್ತದೆ. ನದಿಯ ಅಂಚು, ತೋಡಿನ ಬದಿ, ಕಡಲ ದಂಡೆ, ತಗ್ಗಿನ ಜಾಗ ಇವು ಭೂಮಿಯಿಲ್ಲದವರ ಪಾಲಿಗೆ ಉಳಿಯುತ್ತವೆ. ದಲಿತರ ಕೇರಿಗಳು ಊರ ಹೊರಗೆ ಇರುವುದು ಆಕಸ್ಮಿಕವಲ್ಲ. ತಲೆಮಾರುಗಳ ಅಸ್ಪೃಶ್ಯತೆಯ ಫಲ.

ಎರಡನೆಯದಾಗಿ, ಮನೆಯ ಕಟ್ಟಡ. ಕಾಂಕ್ರೀಟಿನ ತಾರಸಿ ತಡೆದುಕೊಳ್ಳುವ ಗಾಳಿಯನ್ನು ಸೋಗೆಯ ಮಾಡಾಗಲಿ ಸಡಿಲವಾಗಿ ಹೊದಿಸಿದ ತಗಡಾಗಲಿ ತಡೆಯಲಾರದು. ಹಾರಿದ ತಗಡು ನೆರೆಮನೆಯವರ ಪ್ರಾಣಕ್ಕೂ ಅಪಾಯಕಾರಿ.

ಮೂರನೆಯದಾಗಿ, ದಿನಗೂಲಿ. ಸಂಬಳದವರಿಗೆ ಎರಡು ದಿನ ಮನೆಯಲ್ಲಿದ್ದರೆ ನಷ್ಟವಿಲ್ಲ. ದಿನಗೂಲಿಯವರಿಗೆ ಎರಡು ದಿನವೆಂದರೆ ಎರಡು ದಿನದ ಗಂಜಿ. 2017ರ ‘ಓಖಿ’ ಚಂಡಮಾರುತದಲ್ಲಿ, ಎಚ್ಚರಿಕೆ ತಲಪುವ ವೇಳೆಗೆ ದೂರ ಸಮುದ್ರದಲ್ಲಿದ್ದ ಕೇರಳ ಮತ್ತು ತಮಿಳುನಾಡಿನ ನೂರಾರು ಮೀನುಗಾರರು ಹಿಂದಿರುಗಲಿಲ್ಲ.

ನಾಲ್ಕನೆಯದಾಗಿ, ಸ್ತ್ರೀಯರ ಸ್ಥಿತಿ. 1991ರಲ್ಲಿ ಬಾಂಗ್ಲಾದೇಶದಲ್ಲಿ ಸುಮಾರು 1 ಲಕ್ಷ 38 ಸಾವಿರ ಜನರು ಚಂಡಮಾರುತಕ್ಕೆ ಬಲಿಯಾದರು. 20ರಿಂದ 44 ವರ್ಷ ವಯಸ್ಸಿನವರಲ್ಲಿ, ಪ್ರತಿ 1000 ಪುರುಷರಿಗೆ 15 ಜನ ಸತ್ತರೆ, ಪ್ರತಿ 1000 ಸ್ತ್ರೀಯರಿಗೆ 71 ಜನ ಸತ್ತರೆಂದು ಲೆಕ್ಕ ಹಾಕಲಾಯಿತು. ಮನೆಯ ಯಜಮಾನನ ಅಪ್ಪಣೆಗಾಗಿ ಕಾದದ್ದು, ಮಕ್ಕಳನ್ನು ಎತ್ತಿಕೊಂಡು ಓಡಬೇಕಾದದ್ದು, ಈಜು ಬಾರದಿದ್ದದ್ದು, ಪುರುಷರಿಂದ ತುಂಬಿದ ಆಶ್ರಯ ಕೇಂದ್ರಕ್ಕೆ ಹೋಗಲು ಸಂಕೋಚಪಟ್ಟದ್ದು ಇದಕ್ಕೆ ಕಾರಣಗಳಾದವು.

ಬಡ ಕುಟುಂಬವು ಎಚ್ಚರಿಕೆಯನ್ನು ಕೇಳಿಯೂ ಮನೆ ಬಿಡದಿದ್ದರೆ ಅದನ್ನು ಅಜ್ಞಾನವೆಂದು ಹಳಿಯುವುದು ಸುಲಭ. ಆದರೆ ಮನೆಯಲ್ಲಿರುವ ಒಂದು ಹಸು, ನಾಲ್ಕು ಪಾತ್ರೆ, ಒಂದು ಬಲೆ ಇವೇ ಆ ಕುಟುಂಬದ ಸರ್ವಸ್ವ. ಆಶ್ರಯ ಕೇಂದ್ರದಲ್ಲಿ ಅವಮಾನವಾದೀತೆಂಬ ಭಯವೂ ಕೆಲವರಿಗೆ ಇರುತ್ತದೆ. ಈ ಕಾರಣಗಳನ್ನು ನಿವಾರಿಸಿದರೆ ಮಾತ್ರ ಜನರು ಹೊರಡುತ್ತಾರೆ.

ಸಾವನ್ನು ತಡೆಯಬಹುದು

1999ರ ಅಕ್ಟೋಬರ್ 29ರಂದು ಒಡಿಶಾ ರಾಜ್ಯಕ್ಕೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಹತ್ತು ಸಾವಿರದ ಸಮೀಪ ಜನರು ಮೃತರಾದರು. ಆ ದುರಂತದ ಬಳಿಕ ರಾಜ್ಯವು ತೀರದುದ್ದಕ್ಕೂ ನೂರಾರು ಆಶ್ರಯ ಕಟ್ಟಡಗಳನ್ನು ಕಟ್ಟಿಸಿತು; ಗ್ರಾಮಗಳಲ್ಲಿ ಸ್ವಯಂಸೇವಕರನ್ನು ತರಬೇತುಗೊಳಿಸಿತು. 2013ರ ಅಕ್ಟೋಬರ್ 12ರಂದು ಅದೇ ರಾಜ್ಯಕ್ಕೆ ‘ಫೈಲಿನ್’ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿಯೇ ಸ್ಥಳಾಂತರಿಸಲಾಯಿತು. ಸತ್ತವರ ಸಂಖ್ಯೆ ಐವತ್ತನ್ನು ಮೀರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ‘ದಾನಾ’ ಬರುವ ಮುನ್ನ ಅಲ್ಲಿ 4,400ಕ್ಕೂ ಹೆಚ್ಚು ಗರ್ಭಿಣಿಯರನ್ನು ಆರೋಗ್ಯ ಕೇಂದ್ರಗಳಿಗೆ ಸೇರಿಸಲಾಗಿತ್ತು. ಅವರಲ್ಲಿ ಸುಮಾರು 1,600 ಮಂದಿಗೆ ಅಲ್ಲಿಯೇ ಹೆರಿಗೆಯಾಯಿತು. ಬಡತನ ಒಂದೇ ದಿನದಲ್ಲಿ ನೀಗುವುದಿಲ್ಲ. ಆದರೆ ಬಡವರು ಸಾಯಲೇಬೇಕೆಂಬ ನಿಯಮವಿಲ್ಲವೆಂಬುದನ್ನು ಈ ಅನುಭವವು ತೋರಿಸಿಕೊಟ್ಟಿದೆ.

ಕುಟುಂಬದ ಸಿದ್ಧತೆ

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ. ಕೆಳಗಿನ ಕಾರ್ಯಗಳಿಗೆ ಹೆಚ್ಚಿನ ಹಣದ ಅಗತ್ಯವಿಲ್ಲ. ಋತು ಆರಂಭವಾಗುವ ಮೊದಲೇ ಇವನ್ನು ಮಾಡಿ ಮುಗಿಸಿರಿ.

1. ಮಾಡಿನ ತೊಲೆಗಳನ್ನು ಹಗ್ಗ ಅಥವಾ ತಂತಿಯಿಂದ ಬಿಗಿಯಾಗಿ ಕಟ್ಟಿರಿ. ಮನೆಯ ಮೇಲೆ ಬಾಗಿದ ಮರದ ಕೊಂಬೆಗಳನ್ನು ಕಡಿಸಿರಿ.

2. ಪಡಿತರ ಚೀಟಿ, ಆಧಾರ್ ಕಾರ್ಡು, ಬ್ಯಾಂಕಿನ ಪುಸ್ತಕ, ಜಾಗದ ಹಕ್ಕುಪತ್ರ, ತಾಯಿ ಕಾರ್ಡು ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದೇ ಕಡೆ ಇಡಿರಿ. ದಾಖಲೆ ಕಳೆದುಕೊಂಡ ಕುಟುಂಬಕ್ಕೆ ಪರಿಹಾರ ಪಡೆಯುವುದು ಕಷ್ಟವಾಗುತ್ತದೆ.

3. ಮೂರು ದಿನಗಳಿಗೆ ಸಾಕಾಗುವಷ್ಟು ಅವಲಕ್ಕಿ, ಬೆಲ್ಲ, ಹುರಿಗಡಲೆಯಂತಹ ಬೇಯಿಸದೆ ತಿನ್ನಬಹುದಾದ ಆಹಾರವನ್ನು ಇಟ್ಟುಕೊಳ್ಳಿರಿ. ಕುಡಿಯುವುದಕ್ಕೂ ಅಡಿಗೆಗೂ ಒಬ್ಬರಿಗೆ ದಿನಕ್ಕೆ ಸುಮಾರು 5 ಲೀಟರ್ ಶುದ್ಧ ನೀರನ್ನು ಮುಚ್ಚಿದ ಪಾತ್ರೆಯಲ್ಲಿ ತುಂಬಿಡಿರಿ.

4. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕ್ಷಯ, ಮೂರ್ಛೆರೋಗ ಇವುಗಳಿಗೆ ಔಷಧ ಸೇವಿಸುವವರು ಎರಡು ವಾರಗಳ ಮಾತ್ರೆಗಳನ್ನು ಮುಂಗಡವಾಗಿ ಪಡೆಯಬೇಕು. ಗರ್ಭನಿರೋಧಕ ಗುಳಿಗೆ ನುಂಗುವ ದಂಪತಿಗಳು ಅದನ್ನೂ ಮರೆಯಬಾರದು.

5. ಟಾರ್ಚು, ಬೆಂಕಿಪೊಟ್ಟಣ, ಶುಭ್ರವಾದ ಬಟ್ಟೆ, ಸಾಬೂನು ಇವನ್ನು ಅದೇ ಗಂಟಿನಲ್ಲಿ ಸೇರಿಸಿರಿ.

ಗರ್ಭಿಣಿಯರು, ಬಾಣಂತಿಯರು ಮತ್ತು ಮಕ್ಕಳು

ಹೆರಿಗೆಯ ದಿನ ಹತ್ತಿರವಾಗಿದ್ದರೆ ಮಳೆ ಗಾಳಿ ಆರಂಭವಾಗುವವರೆಗೆ ಕಾಯಕೂಡದು. ರಸ್ತೆಗೆ ಮರ ಬಿದ್ದ ಮೇಲೆ 108 ವಾಹನವೂ ನಿಮ್ಮ ಮನೆಯನ್ನು ತಲಪಲಾರದು. ಆಶಾ ಕಾರ್ಯಕರ್ತೆಗೆ ಅಥವಾ ಆರೋಗ್ಯ ಸಹಾಯಕಿಗೆ ಮೊದಲೇ ತಿಳಿಸಿ, ಆಸ್ಪತ್ರೆಗೆ ಅಥವಾ ಅದರ ಸಮೀಪಕ್ಕೆ ತೆರಳಿರಿ. ‘ಗಂಡಸರು ಬಂದ ಮೇಲೆ ಹೊರಡೋಣ’ ಎಂದು ಕಾದು ಕೂರಬೇಡಿರಿ. ಇಂತಹ ಸಮಯದಲ್ಲಿ ಮನೆಯ ಸ್ತ್ರೀಯರು ತಾವೇ ನಿರ್ಧರಿಸಿ ಹೊರಡಬಹುದೆಂಬುದನ್ನು ಕುಟುಂಬದ ಹಿರಿಯರು ಮುಂಚಿತವಾಗಿಯೇ ಒಪ್ಪಿರಬೇಕು.

ಹಾಲುಣ್ಣುವ ಮಗುವಿಗೆ ತಾಯಿಯ ಹಾಲೇ ಸುರಕ್ಷಿತ. ಭಯದಿಂದ ಹಾಲು ಬತ್ತಿತೆಂದು ಬಾಟಲಿಯ ಹಾಲಿಗೆ ಇಳಿಯಬಾರದು. ಮಗುವಿಗೆ ಪದೇ ಪದೇ ಮೊಲೆಯುಣಿಸಿದರೆ ಹಾಲು ಮರಳಿ ಬರುತ್ತದೆ. ಕೊಳಕು ನೀರಿನಲ್ಲಿ ಕಲಸಿದ ಹಾಲಿನ ಪುಡಿಯು ಅತಿಸಾರಕ್ಕೆ ಕಾರಣವಾಗುತ್ತದೆ.

ಎಚ್ಚರಿಕೆ ಬಂದಾಗ

ಹವಾಮಾನ ಇಲಾಖೆಯು ಸುಮಾರು 72 ಗಂಟೆಗಳ ಮೊದಲು ಪೂರ್ವಸೂಚನೆಯನ್ನೂ, 48 ಗಂಟೆಗಳ ಮೊದಲು ಹಳದಿ ಸೂಚನೆಯನ್ನೂ, 24 ಗಂಟೆಗಳ ಮೊದಲು ಕಿತ್ತಳೆ ಬಣ್ಣದ ಎಚ್ಚರಿಕೆಯನ್ನೂ ನೀಡುತ್ತದೆ. ಕೊನೆಯ ಹಂತವು ಕೆಂಪು. ತಗ್ಗಿನಲ್ಲಿರುವವರು ಕೆಂಪು ಬಣ್ಣಕ್ಕಾಗಿ ಕಾಯದೆ, ಅಧಿಕಾರಿಗಳು ಹೇಳಿದ ಕೂಡಲೆ ಹಗಲು ಹೊತ್ತಿನಲ್ಲಿಯೇ ಹೊರಡಬೇಕು. ದೋಣಿಗಳನ್ನು ಕಡಲಿಗೆ ಇಳಿಸಬಾರದು. ದನಕರುಗಳನ್ನು ಎತ್ತರದ ಜಾಗಕ್ಕೆ ಸಾಗಿಸಿರಿ. ಸಾಧ್ಯವಾಗದಿದ್ದರೆ ಕಣ್ಣಿ ಬಿಚ್ಚಿ ಬಿಡಿರಿ. ಬಿರುಗಾಳಿಯು ಒಮ್ಮೆಲೆ ನಿಂತು ಆಕಾಶ ತಿಳಿಯಾದರೆ ಮೋಸಹೋಗಬೇಡಿರಿ. ಅದು ಚಂಡಮಾರುತದ ನಡುಭಾಗವಾಗಿರಬಹುದು. ಸ್ವಲ್ಪ ಹೊತ್ತಿನಲ್ಲಿಯೇ ವಿರುದ್ಧ ದಿಕ್ಕಿನಿಂದ ಗಾಳಿ ಅಷ್ಟೇ ರಭಸದಿಂದ ಬೀಸುತ್ತದೆ.

ಆಶ್ರಯ ಕೇಂದ್ರದ ಬಾಗಿಲು ಎಲ್ಲರಿಗೂ ತೆರೆದಿರಲಿ

2019ರ ಮೇ 3ರಂದು ‘ಫನಿ’ ಬಂದಾಗ ಪುರಿ ಜಿಲ್ಲೆಯ ಒಂದು ಗ್ರಾಮದಲ್ಲಿ ದಲಿತ ಕುಟುಂಬಗಳಿಗೆ ಆಶ್ರಯ ದೊರೆಯಲಿಲ್ಲವೆಂದು ಪತ್ರಿಕೆಗಳಲ್ಲಿ ವರದಿಯಾಯಿತು. 2004ರ ಸುನಾಮಿಯ ನಂತರ ತಮಿಳುನಾಡಿನ ತೀರದಲ್ಲಿಯೂ ದಲಿತ ಸಂತ್ರಸ್ತರನ್ನು ಪರಿಹಾರ ಶಿಬಿರಗಳಿಂದ ದೂರವಿರಿಸಿದ ದೂರುಗಳು ಕೇಳಿಬಂದವು. ಒಂದು ಸೂರಿನಡಿ ಒಂದು ರಾತ್ರಿ ಕಳೆಯಲು ಅಡ್ಡಿಪಡಿಸುವ ಜಾತಿಭೇದವು ಚಂಡಮಾರುತಕ್ಕಿಂತ ಕಡಿಮೆ ಕ್ರೂರವಲ್ಲ.

ಇದು ಅಪರಾಧವೂ ಹೌದು. ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. 2005ರ ವಿಪತ್ತು ನಿರ್ವಹಣಾ ಅಧಿನಿಯಮದ 61ನೆಯ ಪ್ರಕರಣವು, ಸಂತ್ರಸ್ತರಿಗೆ ನೆರವು ಮತ್ತು ಪರಿಹಾರ ನೀಡುವಾಗ ಲಿಂಗ, ಜಾತಿ, ಸಮುದಾಯ, ವಂಶ ಅಥವಾ ಧರ್ಮದ ಆಧಾರದ ಮೇಲೆ ತಾರತಮ್ಯ ಮಾಡಬಾರದೆಂದು ವಿಧಿಸುತ್ತದೆ.

ನಿಮ್ಮ ಗ್ರಾಮ ಪಂಚಾಯಿತಿಯ ಸಭೆಯಲ್ಲಿ ಈ ಪ್ರಶ್ನೆಗಳನ್ನು ಕೇಳಿರಿ: ಆಶ್ರಯ ಕಟ್ಟಡದ ಅಥವಾ ಶಾಲೆಯ ಬೀಗದ ಕೈ ಯಾರ ಬಳಿ ಇದೆ? ಅವರು ಊರಲ್ಲಿಲ್ಲದಿದ್ದರೆ ಇನ್ನೊಂದು ಕೈ ಎಲ್ಲಿದೆ? ಡಂಗುರ ಅಥವಾ ಧ್ವನಿವರ್ಧಕವು ಕೇರಿಗೂ, ಕೊರಗರ ಕೊಪ್ಪಗಳಿಗೂ, ದಕ್ಕೆಯಲ್ಲಿ ದುಡಿಯುವ ಹೊರರಾಜ್ಯದ ಕೂಲಿಕಾರರ ಶೆಡ್ಡುಗಳಿಗೂ ಕೇಳಿಸುತ್ತದೆಯೆ? ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳುವವರಿದ್ದಾರೆಯೆ? ವೃದ್ಧರನ್ನೂ ಅಂಗವಿಕಲರನ್ನೂ ಎತ್ತಿಕೊಂಡು ಹೋಗುವವರು ಯಾರು? ಸ್ತ್ರೀಯರಿಗೆ ಬೇರೆ ಕೋಣೆ ಮತ್ತು ಶೌಚಾಲಯ ಇವೆಯೆ? ಕಾಳಜಿ ಕೇಂದ್ರದಲ್ಲಿ ನೀರಿನ ಪಾತ್ರೆಯೂ ಊಟದ ಪಂಕ್ತಿಯೂ ಎಲ್ಲರಿಗೂ ಒಂದೇ ಆಗಿರುವುದೆ?

ಗಾಳಿ ಅಡಗಿದ ಮೇಲೆ

ಬಿದ್ದ ವಿದ್ಯುತ್ ತಂತಿಯನ್ನು ಮುಟ್ಟಬೇಡಿರಿ. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿರಿ. ಸಾಮಾನ್ಯ ಕಾಲದಲ್ಲಿ ಬಾವಿಯ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಉತ್ತಮ ಬ್ಲೀಚಿಂಗ್ ಪುಡಿ ಸಾಕು. ಹಾಕಿದ ಮೇಲೆ ಒಂದು ಗಂಟೆ ನೀರು ಸೇದಬಾರದು. ನೆರೆನೀರು ನುಗ್ಗಿದ ಬಾವಿಗೆ ಇನ್ನೂ ಹೆಚ್ಚು ಬೇಕಾಗುವುದರಿಂದ ಆರೋಗ್ಯ ಕಾರ್ಯಕರ್ತರಿಂದಲೇ ಶುದ್ಧಿ ಮಾಡಿಸಿರಿ. ಕೇರಿಯ ಬಾವಿಯನ್ನು ಕೊನೆಗೆ ಬಿಡಬಾರದು. ವಾಂತಿಭೇದಿಗೆ ಜಾತಿಯ ಗಡಿಯಿಲ್ಲ. ಒಂದು ಬಾವಿಯಿಂದ ಹೊರಟ ರೋಗವು ಇಡೀ ಊರಿಗೆ ಹರಡುತ್ತದೆ.

ಭೇದಿಯಾದವರಿಗೆ ತಡಮಾಡದೆ ಓ.ಆರ್.ಎಸ್. ದ್ರಾವಣವನ್ನು ಕುಡಿಸಿರಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಮಮಟ್ಟದ ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿರಿ. ಕೆಸರು ನೀರಿನಲ್ಲಿ ದುಡಿಯುವವರಿಗೆ ಇಲಿ ಜ್ವರದ ಭಯವಿದೆ. ಕಾಲಿನ ಗಾಯಗಳನ್ನು ಮುಚ್ಚಿಕೊಳ್ಳಿರಿ. ಜ್ವರ, ಮೈಕೈ ನೋವು ಕಂಡೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಹಾವು ಕಚ್ಚಿದರೆ ಮಂತ್ರ ಮದ್ದೆಂದು ಕಾಲ ಕಳೆಯದೆ ಆಸ್ಪತ್ರೆಗೆ ಧಾವಿಸಿರಿ.

ಹಾನಿಯ ಪಟ್ಟಿ ಮಾಡುವಾಗ ಬಾಡಿಗೆದಾರರ, ವಿಧವೆಯರ, ಹಕ್ಕುಪತ್ರವಿಲ್ಲದ ಗುಡಿಸಲುಗಳವರ ಹೆಸರುಗಳು ಬಿಟ್ಟುಹೋಗುವುದುಂಟು. ಓದು ಬರಹ ಬಲ್ಲವರು ಅಂತಹವರ ಅರ್ಜಿಯನ್ನು ಬರೆದುಕೊಟ್ಟು ತಹಶೀಲ್ದಾರರಿಗೆ ತಲಪಿಸುವುದು ದೊಡ್ಡ ಸೇವೆ.

ಓದುಗರೇ, ಈ ವಾರವೇ ನಿಮ್ಮ ಊರಿನಲ್ಲಿ ಒಮ್ಮೆ ನಡೆದು ನೋಡಿರಿ. ಆಶ್ರಯ ಕೇಂದ್ರದಿಂದ ಅತಿ ದೂರವಿರುವ, ಅತಿ ತಗ್ಗಿನಲ್ಲಿರುವ, ಅತಿ ಸಡಿಲವಾದ ಮಾಡಿನ ಮನೆ ಯಾವುದು? ಅಲ್ಲಿರುವವರು ಎಷ್ಟು ಮಂದಿ? ಎಚ್ಚರಿಕೆಯ ದಿನ ಅವರ ಬಾಗಿಲು ತಟ್ಟುವವರು ಯಾರು? ಈ ಮೂರು ಪ್ರಶ್ನೆಗಳಿಗೆ ನಿಮ್ಮಲ್ಲಿ ಉತ್ತರವಿದ್ದರೆ ನಿಮ್ಮ ಊರು ಸಿದ್ಧವಾಗಿದೆ. ಉತ್ತರವಿಲ್ಲದಿದ್ದರೆ ಆ ಬಾಗಿಲನ್ನು ತಟ್ಟುವ ಹೊಣೆಯನ್ನು ನೀವೇ ವಹಿಸಿಕೊಳ್ಳಿರಿ.