ಅಜ್ಜನ ಕ್ಷೌರದ ಕತ್ತಿ ಮೊಮ್ಮಗನ ಕೈಗೆ

ಬೀದಿಯಲ್ಲಿ ಸಾಣೆಯವರ ಕೂಗು ಕೇಳಿದ ಕೂಡಲೇ ಮನೆಯೊಳಗಿನ ಕುಡುಗೋಲು, ಕತ್ತರಿ, ಈಳಿಗೆ ಎಲ್ಲ ಹೊರಗೆ ಬರುತ್ತವೆ. ಅವುಗಳ ಜತೆ ಅಜ್ಜನ ಕ್ಷೌರದ ಕತ್ತಿಯೂ ಹೊರಟರೆ ತಡೆಯಬೇಕು. ಕಿಡಿ ಹಾರಿಸುತ್ತ ತಿರುಗುವ ಚಕ್ರಕ್ಕೆ ಅದರ ತೆಳ್ಳನೆಯ ಬಾಯಿ ತಾಗಿದರೆ ಕ್ಷಣದಲ್ಲಿ ಕಾದುಹೋಗುತ್ತದೆ. ಅಂಚಿನಲ್ಲಿ ನೀಲಿ ಬಣ್ಣ ಮೂಡಿತೆಂದರೆ ಅಲ್ಲಿನ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಹದ ಕಳೆದುಕೊಂಡಿದೆ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳ್ಳಿಗಳಲ್ಲಿ ಕುರ್ಚಿ, ಕನ್ನಡಿಯ ಅಂಗಡಿ ಬರುವ ಮೊದಲು ಕ್ಷೌರ ನಡೆಯುತ್ತಿದ್ದದ್ದು ಮನೆಯ ಜಗಲಿಯಲ್ಲಿ, ಇಲ್ಲವೇ ಮರದ ನೆರಳಲ್ಲಿ. ಕ್ಷೌರಿಕರ ಹಡಪದಲ್ಲಿ ಕತ್ತಿ, ಕತ್ತರಿ, ನೀರಿನ ಬಟ್ಟಲು, ಸಾಣೆಕಲ್ಲು, ಚರ್ಮದ ಪಟ್ಟಿ ಇರುತ್ತಿದ್ದವು. ದುಡಿಮೆಗೆ ಪ್ರತಿಫಲ ಸುಗ್ಗಿಯಲ್ಲಿ ಕಣದಿಂದ ಸಿಗುವ ಆಯ: ಜಗಳೂರಿನ ಕಡೆ ಜೋಳ, ರಾಗಿ, ನೀರಾವರಿ ಇದ್ದ ಕಡೆ ಭತ್ತ. ಮಗುವಿನ ಜವಳಕ್ಕೆ, ಮದುಮಗನ ಕ್ಷೌರಕ್ಕೆ, ಸಾವಿನ ಮನೆಯ ಕರ್ಮಕ್ಕೆ ಅದೇ ಕತ್ತಿ ಬೇಕಿತ್ತು. ಇಂದು ಸವಿತಾ ಸಮಾಜ, ಹಡಪದ ಸಮಾಜ ಎಂದು ಕರೆದುಕೊಳ್ಳುವ ಈ ಕುಲಕಸುಬಿನ ಜನ 12ನೇ ಶತಮಾನದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರನ್ನು ನೆನೆಯುತ್ತಾರೆ. ಅವರ ಅನೇಕ ಮನೆಗಳಲ್ಲಿ ಕತ್ತಿಯ ಜತೆಗೆ ಓಲಗವೂ ಬೆಳೆದುಬಂದಿದೆ. ಊರಿನ ಹುಟ್ಟು, ಮದುವೆ, ಸಾವು ಮೂರನ್ನೂ ಕಂಡ ಇಂಥ ಕತ್ತಿಗೆ ಕುಟುಂಬದ ಆಸ್ತಿಪತ್ರದಷ್ಟೇ ಬೆಲೆಯಿದೆ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ. ಆ ನಂತರ ಗಿರಾಕಿಗೊಂದು ಹೊಸ ಬ್ಲೇಡು ಎಂಬ ತಿಳಿವಳಿಕೆ ಅಂಗಡಿ ಅಂಗಡಿಗೂ ಹಬ್ಬಿತು. ಅದು ಆಗಬೇಕಾದ ಬದಲಾವಣೆಯೇ. ಅರ್ಧ ಬ್ಲೇಡು ಸಿಕ್ಕಿಸುವ ಹಿಡಿ ಬಂತು, ಮಸೆಯುವ ಕತ್ತಿ ಟ್ರಂಕು ಸೇರಿತು. ಟ್ರಂಕು ಯಾವ ಊರಿನದು ಎಂಬುದೂ ಮುಖ್ಯ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಹೊನ್ನಾಳಿ, ಚನ್ನಗಿರಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಹವೆಯಲ್ಲಿ ಆ ಗಡಿ ಈಗಲೂ ಉಳಿದಿದೆ. ಅಡಿಕೆ ತೋಟಗಳ ಚನ್ನಗಿರಿ, ಅರೆಮಲೆನಾಡಿನ ನ್ಯಾಮತಿಗಳ ಮಳೆಗಾಲದ ತೇವದಲ್ಲಿ ತುಕ್ಕು ಬೇಗ ಏರುತ್ತದೆ. ಜಗಳೂರಿನ ಒಣ ಹವೆಯಲ್ಲಿ ಉಕ್ಕು ಉಳಿದೀತು, ಕೊಂಬಿನ ಹಿಡಿ ಮಾತ್ರ ಒಣಗಿ ಸೀಳುತ್ತದೆ.

ಕತ್ತಿ ಕೈಗೆ ಬಂದಾಗ ಮೊದಲು ಮಾಡಬೇಕಾದದ್ದು ನೋಡುವುದು, ಉಜ್ಜುವುದಲ್ಲ. ಬೆಳಕಿಗೆ ಹಿಡಿದು ಬಾಯಿಯ ಉದ್ದಕ್ಕೂ ಕಣ್ಣು ಹಾಯಿಸಬೇಕು. ಸಣ್ಣ ಮುಕ್ಕು ಇದ್ದರೆ ಕಲ್ಲಿನಲ್ಲಿ ತೆಗೆಯಬಹುದು. ಬಾಯಿಯಿಂದ ಬೆನ್ನಿನ ಕಡೆ ಏರಿದ ಬಿರುಕು ಕಂಡರೆ ಆ ಕತ್ತಿ ಮುಖಕ್ಕೆ ಸಲ್ಲದು. ಹಾಗೆಯೇ ಜೋಪಾನವಾಗಿ ಇಟ್ಟುಕೊಳ್ಳಬಹುದು, ಅಷ್ಟೆ. ಬೂದು, ಕಪ್ಪು ಬಣ್ಣದ ಕಲೆಗಳಿಗೆ ಹೆದರಬೇಕಿಲ್ಲ. ಕೆಂಪು ತುಕ್ಕು ಬಾಯಿಯ ಹತ್ತಿರವೇ ಗುಳಿ ಕೊರೆದಿದ್ದರೆ ಚಿಂತೆ, ಏಕೆಂದರೆ ಮಸೆಯುತ್ತ ಹೋದಂತೆ ಆ ಗುಳಿಗಳೇ ಬಾಯಿಗೆ ಬಂದು ಮುಕ್ಕಾಗುತ್ತವೆ.

ಹಿಡಿಯೊಳಗೆ ಮಡಚಿಕೊಳ್ಳುವ ಅಲಗಿನ ಬುಡದಲ್ಲಿ ಮುದ್ರೆ ಇರಬಹುದು. ನಕ್ಷತ್ರ ಮತ್ತು ಶಿಲುಬೆ ಇದ್ದರೆ ಅದು ಇಂಗ್ಲೆಂಡಿನ ಶೆಫೀಲ್ಡ್‌ನ ಜೋಸೆಫ್ ರಾಜರ್ಸ್ ಕಂಪನಿಯ ಗುರುತು. ಜೋಲಿಂಗೆನ್ ಎಂದಿದ್ದರೆ ಜರ್ಮನಿಯದು. ವಿದೇಶಿ ಸರಕಿನ ಮೇಲೆ ದೇಶದ ಹೆಸರು ಇರಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ 1887ರಲ್ಲಿ ಬಂತು. ಜರ್ಮನಿ ಎಂದು ಕೊರೆದಿದ್ದರೆ ಸಾಮಾನ್ಯವಾಗಿ ಅದರ ನಂತರದ ಕತ್ತಿ. ಮುದ್ರೆಯೇ ಇಲ್ಲದ್ದು ಊರ ಕಮ್ಮಾರರ ಕೈಕೆಲಸವಿದ್ದೀತು. ಅದನ್ನು ಕೀಳೆಂದು ಭಾವಿಸಲು ಕಾರಣವಿಲ್ಲ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಇಲ್ಲಿನವರು ಮೂಸೆಯಲ್ಲಿ ಉಕ್ಕು ಮಾಡುವುದನ್ನು ಕಂಡು ಬರೆದಿದ್ದಾರೆ. ಅದೇ ಕಾಲದಲ್ಲಿ ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ಕ್ಷೌರದ ಕತ್ತಿ, ಶಸ್ತ್ರಚಿಕಿತ್ಸೆಯ ಸಲಕರಣೆ ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್, ಯುರೋಪಿನ ಅತ್ಯುತ್ತಮ ಉಕ್ಕಿಗಿಂತ ಭಾರತದ ಉಕ್ಕು ಮೇಲೆಂದು ತಮ್ಮ ಅಂಗಡಿಯ ಚೀಟಿಯಲ್ಲೇ ಅಚ್ಚು ಹಾಕಿಸಿದ್ದರು. ವಿಜ್ಞಾನಿ ಮೈಕೆಲ್ ಫ್ಯಾರಡೆ ಇವರೊಂದಿಗೆ ಸೇರಿ ಉಕ್ಕಿನ ಮಿಶ್ರಣಗಳ ಮೇಲೆ ಪ್ರಯೋಗ ನಡೆಸಿ 1820ರಲ್ಲಿ ಪ್ರಬಂಧ ಪ್ರಕಟಿಸಿದರು. ಆ ಪ್ರಯೋಗಗಳ ಉಕ್ಕಿನಿಂದ ಮಾಡಿದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಸ್ನೇಹಿತರಿಗೆ ಉಡುಗೊರೆ ಕೊಟ್ಟರು.

ಇನ್ನು ತುಕ್ಕಿನ ವಿಚಾರ. ಹಿತ್ತಾಳೆ ಚೊಂಬು ಬೆಳಗಿದ ಅಭ್ಯಾಸದಿಂದ ಹುಣಸೆಹಣ್ಣು, ನಿಂಬೆಹೋಳು ಹಿಡಿಯುವವರಿದ್ದಾರೆ. ಹುಳಿ ಉಕ್ಕನ್ನೇ ತಿನ್ನುತ್ತದೆ, ಬೇಡ. ಸೀಮೆಎಣ್ಣೆಯಲ್ಲಿ ಅಲಗನ್ನು ಒಂದು ರಾತ್ರಿ ನೆನೆಸಿದರೆ ತುಕ್ಕು ಸಡಿಲವಾಗುತ್ತದೆ. ಅನಂತರ ನಯವಾದ ಮರಳುಕಾಗದವನ್ನು ಮರದ ತುಂಡಿಗೆ ಸುತ್ತಿ, ಎಣ್ಣೆ ಹಚ್ಚಿ, ಅಲಗಿನ ಉದ್ದಕ್ಕೆ ಮೆಲ್ಲಗೆ ಉಜ್ಜಬೇಕು: ಮೊದಲು 600 ನಂಬರು, ಆಮೇಲೆ 1000, ಕೊನೆಗೆ 2000. ಮುದ್ರೆಯ ಜಾಗ ಮುಟ್ಟಬಾರದು. ಕನ್ನಡಿಯಂತೆ ಹೊಳೆಸುವ ಆಸೆಗೆ ಬಿದ್ದರೆ ತೆಗೆದ ಉಕ್ಕು ಮರಳಿ ಬರುವುದಿಲ್ಲ. ಒಂದೆರಡು ಕಪ್ಪು ಕಲೆ ಉಳಿದರೆ ನಷ್ಟವೇನೂ ಇಲ್ಲ.

ಹಿಡಿ ಯಾವುದರದ್ದೆಂದು ತಿಳಿದುಕೊಳ್ಳಬೇಕು. ಕೊಂಬಿನದಾದರೆ ತೆಳುವಾಗಿ ಎಣ್ಣೆ ಸವರಿದರೆ ಸಾಕು. ಹಳೆಯ ಸೆಲ್ಯುಲಾಯ್ಡ್ ಹಿಡಿ ಶಿಥಿಲವಾಗುವಾಗ ಬಿಡುವ ಆಮ್ಲದ ಹಬೆ ಅಲಗಿಗೇ ತುಕ್ಕು ತರಿಸುತ್ತದೆ, ಅದಕ್ಕೆ ಬೆಂಕಿಯೂ ಬೇಗ ಹತ್ತುತ್ತದೆ, ಬದಲಾಯಿಸುವುದೇ ಮೇಲು. ದಂತದ್ದೆಂಬ ಸಂಶಯ ಬಂದರೆ ಮಾರುವ ಮಾತೇ ಇಲ್ಲ, ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಕ್ಷೇಮ.

ಕತ್ತಿಗೆ ಜೀವ ಬರುವುದು ಕಲ್ಲಿನ ಮೇಲೆ. ಕುಡುಗೋಲು ಮಸೆಯುವ ಕೈಗೆ ಒತ್ತಿ ಉಜ್ಜುವ ರೂಢಿ, ಇಲ್ಲಿ ಆ ರೂಢಿಯನ್ನು ಬಿಡಬೇಕು. ಕ್ಷೌರದ ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಏಕಕಾಲಕ್ಕೆ ಕಲ್ಲಿಗೆ ತಾಗಿರಬೇಕು. ಬೆನ್ನಿನ ದಪ್ಪವೇ ಕೋನವನ್ನು ಕಾಯುತ್ತದೆ, ಸುಮಾರು 16 ರಿಂದ 18 ಡಿಗ್ರಿ. ಕಲ್ಲಿನ ಮೇಲೆ ನೀರು ಚಿಮುಕಿಸಿ, ಕತ್ತಿಯ ಭಾರವಷ್ಟೇ ಬೀಳುವಂತೆ, ಬಾಯಿ ಮುಂದಾಗಿ ಸರಿಸುವುದು. ತುದಿ ಮುಟ್ಟಿದಾಗ ಬೆನ್ನಿನ ಮೇಲೆ ಮಗುಚಿ ಹಿಂತಿರುಗುವುದು. 1000 ನಂಬರಿನ ಕಲ್ಲಿನಲ್ಲಿ ಬಾಯಿ ಕೂಡಿಸಿ, 4000, 8000ದಲ್ಲಿ ನಯ ಮಾಡಿ, ಸಿಕ್ಕರೆ 12000ದಲ್ಲಿ ಮುಗಿಸುತ್ತಾರೆ. ಹಳೆಯ ಹಡಪದ ನುಣುಪಾದ ಸಾಣೆಕಲ್ಲು ಉಳಿದಿದ್ದರೆ ಕೊನೆಯ ಹಂತಕ್ಕೆ ಅದು ಒದಗಿಬರಬಹುದು. ಚರ್ಮದ ಪಟ್ಟಿಯ ಮೇಲೆ ಮಾತ್ರ ದಿಕ್ಕು ತಿರುಗುಮುರುಗು: ಬೆನ್ನು ಮುಂದೆ, ಬಾಯಿ ಹಿಂದೆ. ಅಂಗೈಯನ್ನೇ ಪಟ್ಟಿ ಮಾಡಿಕೊಂಡು ಟಪಟಪನೆ ಸವರುತ್ತಿದ್ದ ಹಿರಿಯರನ್ನು ಕಂಡವರು ಈಗಲೂ ಇದ್ದಾರೆ. ಹೊಸಬರು ಅದಕ್ಕೆ ಕೈ ಹಾಕಬಾರದು. ಹರಿತ ನೋಡಲು ಒಂದು ಕೂದಲನ್ನು ತೂಗಿ ಹಿಡಿದು ಬಾಯಿಗೆ ತಾಗಿಸಿದರೆ ಸಾಕು, ತಾಗಿದಲ್ಲೇ ತುಂಡಾಗಬೇಕು.

ಅಂಗಡಿಯಲ್ಲಿ ನೂರಾರು ಮುಖ ಕಂಡ ಕತ್ತಿಯನ್ನು ಮುಟ್ಟಲು ಹಿಂಜರಿಯುವ ಹುಡುಗನ ಅಳುಕು ಸರಿಯೇ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ದಶಕಗಳ ಕಾಲ ಟ್ರಂಕಿನಲ್ಲಿದ್ದ ಕತ್ತಿಯಲ್ಲಿ ಹಳೆಯ ಸೋಂಕಿನ ಭಯಕ್ಕಿಂತ ತುಕ್ಕಿನ ಗುಳಿಯಲ್ಲಿ ಸೇರಿದ ಕೊಳೆಯದೇ ತೊಂದರೆ. ಹಿಡಿ ಬಿಚ್ಚಿ, ಸೋಪಿನಲ್ಲಿ ತೊಳೆದು, ಅಲಗನ್ನಷ್ಟೇ 20 ನಿಮಿಷ ಕುದಿಸಬಹುದು; 100 ಡಿಗ್ರಿಯಲ್ಲಿ ಉಕ್ಕಿನ ಹದ ಕೆಡುವುದಿಲ್ಲ. ಹೊರತೆಗೆದ ಕೂಡಲೇ ಒರೆಸಿ ಒಣಗಿಸಬೇಕು. ಅಲ್ಲಿಂದ ಮುಂದೆ ಅದು ಒಬ್ಬನ ಕತ್ತಿ. ಅಣ್ಣ ತಮ್ಮಂದಿರ ನಡುವೆಯೂ ಹಂಚಿಕೊಳ್ಳಬಾರದು, ಅಂಗಡಿಯ ಗಿರಾಕಿಗಳಿಗೆ ಬಳಸುವ ಪ್ರಶ್ನೆಯೇ ಇಲ್ಲ.

ಕತ್ತಿಯ ಜತೆಗೆ ಮಸೆಯುವುದನ್ನೂ ಕಲಿಸಿಕೊಡದಿದ್ದರೆ ಅದು ಮತ್ತೆ ಟ್ರಂಕು ಸೇರುತ್ತದೆ. ಹಾಗಾಗಿ ಉಡುಗೊರೆ ಕೊಡುವ ಮುನ್ನ ಮೊಮ್ಮಗನನ್ನೇ ಕಲ್ಲಿನ ಮುಂದೆ ಕೂರಿಸುವುದು ಒಳ್ಳೆಯದು. ತಾಲ್ಲೂಕಿನ ಪೇಟೆಗಳಲ್ಲಿ ಮಸೆಯುವ ಕತ್ತಿ ಬಳಸಿದ ಹಿರಿಯ ಕ್ಷೌರಿಕರು ಸಿಕ್ಕರೆ ತಕ್ಕ ಸಂಭಾವನೆ ಕೊಟ್ಟು ಅವರಿಂದ ಕಲಿಯಬೇಕು, ಅವರ ವಿದ್ಯೆಗೆ ಇಷ್ಟು ದಿನ ಸಿಗದ ಬೆಲೆ ಈಗಲಾದರೂ ಸಿಗಲಿ. ಮೊದಲ ಕೆಲವು ಸಲ ಕೆನ್ನೆಯ ಮೇಲಷ್ಟೇ ಸಾಕು: ಬಿಸಿನೀರಲ್ಲಿ ಗಡ್ಡ ನೆನೆಸಿ, ನೊರೆ ಹಚ್ಚಿ, ಚರ್ಮವನ್ನು ಎಳೆದು ಹಿಡಿದು, ಕತ್ತಿಯನ್ನು ಸುಮಾರು 30 ಡಿಗ್ರಿ ವಾಲಿಸಿ, ಕೂದಲು ಬೆಳೆದ ದಿಕ್ಕಿನಲ್ಲೇ ಇಳಿಸುವುದು. ಗದ್ದ, ಗಂಟಲಿನ ಸರದಿ ಕೈ ಪಳಗಿದ ಮೇಲೆ. ಪ್ರತಿ ಕ್ಷೌರಕ್ಕೆ ಮೊದಲು ಚರ್ಮದ ಪಟ್ಟಿ, ಮುಗಿದ ಮೇಲೆ ಒಣಬಟ್ಟೆ, ಮಳೆಗಾಲವಾದರೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ. ಹರಿತ ಕುಂದಿದಾಗ ಮತ್ತೆ ಕಲ್ಲು.