ಗುತ್ತಿಗೆಗೆ ಹೋದದ್ದು ಕೆಲಸ, ಹೊಣೆಯಲ್ಲ: ವೀಸಾ ಕೇಂದ್ರಗಳ ಬಗ್ಗೆ ಆರು ತಪ್ಪು ಕಲ್ಪನೆಗಳು

ಹಾಸನದ ನಮ್ಮ ಚಿಕ್ಕಮ್ಮ ಮಗಳ ಬಾಣಂತನಕ್ಕೆಂದು ಯುರೋಪಿಗೆ ಹೊರಟಿದ್ದರು. ಬೆಂಗಳೂರಿನ ವೀಸಾ ಅರ್ಜಿ ಕೇಂದ್ರವೊಂದಕ್ಕೆ ಅವರ ಜೊತೆ ನಾನೂ ಹೋಗಿದ್ದೆ. ಟೋಕನ್ ನಂಬರು ಬಂದಾಗ ಕೌಂಟರಿನ ಹುಡುಗ ಕಾಗದಗಳನ್ನು ಒಂದೊಂದಾಗಿ ಪಟ್ಟಿಯೊಂದಿಗೆ ತಾಳೆ ನೋಡಿದ. ಬೆರಳಚ್ಚಿನ ಗಾಜಿನ ಮೇಲೆ ಚಿಕ್ಕಮ್ಮ ಮೂರು ಸಲ ಕೈ ಒತ್ತಬೇಕಾಯಿತು. ಪಾತ್ರೆ ತಿಕ್ಕಿ ತಿಕ್ಕಿ ಸವೆದ ಬೆರಳುಗಳ ಗೆರೆ ಯಂತ್ರಕ್ಕೆ ಬೇಗ ಸಿಗಲಿಲ್ಲ. ಆಮೇಲೆ ಅವನು ಒಂದು ದರಪಟ್ಟಿ ಮುಂದಿಟ್ಟ. ಎಸ್‌ಎಂಎಸ್, ಕೊರಿಯರ್, ಪ್ರೀಮಿಯಂ ಲೌಂಜ್. "ತಗೊಂಡ್ರೆ ಒಳ್ಳೇದು ಮೇಡಂ" ಎಂದ. ನಾನು ತಡೆಯುವಷ್ಟರಲ್ಲಿ ಚಿಕ್ಕಮ್ಮ ಎಲ್ಲದಕ್ಕೂ ತಲೆಯಾಡಿಸಿಬಿಟ್ಟಿದ್ದರು. ಹೊರಗೆ ಬಂದು ಕೇಳಿದರು: "ಇಷ್ಟು ದುಡ್ಡು ಕಟ್ಟಿದೀನಲ್ಲ, ಇನ್ನು ವೀಸಾ ಆದಂಗೇ ಅಲ್ವೇನೋ?"

ಆ ಪ್ರಶ್ನೆ ಚಿಕ್ಕಮ್ಮ ಒಬ್ಬರದ್ದಲ್ಲ. ವೀಸಾ, ಪಾಸ್‌ಪೋರ್ಟ್ ಕೆಲಸಗಳ ಬಹುಭಾಗ ಖಾಸಗಿ ಕಂಪನಿಗಳ ಕೈಗೆ ಹೋಗಿ ಎರಡು ದಶಕಗಳಾದರೂ, ಅಲ್ಲಿ ಯಾರ ಕೆಲಸ ಯಾವುದು, ಯಾರು ಯಾರಿಗೆ ಉತ್ತರ ಹೇಳಬೇಕು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ತಪ್ಪು ಕಲ್ಪನೆ ಬೆಳೆಯುತ್ತದೆ.

ತಪ್ಪು ಕಲ್ಪನೆ 1: ವೀಸಾ ಕೊಡುವುದು, ನಿರಾಕರಿಸುವುದು ಕೇಂದ್ರದವರೇ.

ಸತ್ಯ: ಅಲ್ಲ. ಈ ವ್ಯವಹಾರದ ದೊಡ್ಡ ಕಂಪನಿ ವಿಎಫ್‌ಎಸ್ ಗ್ಲೋಬಲ್ ಹುಟ್ಟಿದ್ದು 2001ರಲ್ಲಿ, ಮುಂಬೈಯಲ್ಲಿ. ಅದರ ಮೊದಲ ಗ್ರಾಹಕ ಅಲ್ಲಿನ ಅಮೆರಿಕ ಕಾನ್ಸುಲೇಟ್. ಅರ್ಜಿ ಪಡೆಯುವುದು, ಕಾಗದ ಜೋಡಿಸುವುದು, ಪಾಸ್‌ಪೋರ್ಟ್ ಹಿಂತಿರುಗಿಸುವುದು ಮುಂತಾದ ಗುಮಾಸ್ತರ ಕೆಲಸವನ್ನು ಹೊರಗೆ ಕೊಡುವುದೇ ಆಗಿನ ಯೋಚನೆ, ಇಂದಿಗೂ ಮೂಲ ಕೆಲಸ ಅದೇ. ಯುರೋಪಿನ ಷೆಂಗೆನ್ ದೇಶಗಳ 2009ರ ವೀಸಾ ಸಂಹಿತೆಯಂತೂ ಇದನ್ನು ಸ್ಪಷ್ಟವಾಗಿ ಬರೆದಿಟ್ಟಿದೆ: ಅರ್ಜಿಯ ಪರಿಶೀಲನೆ, ಸಂದರ್ಶನ, ತೀರ್ಮಾನ, ವೀಸಾ ಸ್ಟಿಕರ್ ಮುದ್ರಿಸಿ ಅಂಟಿಸುವುದು ಇವೆಲ್ಲ ಕಾನ್ಸುಲೇಟ್ ಅಥವಾ ಆ ದೇಶದ ಕೇಂದ್ರ ಅಧಿಕಾರಿಗಳದ್ದು ಮಾತ್ರ. ವೀಸಾ ಮಾಹಿತಿ ವ್ಯವಸ್ಥೆಯ ಕಂಪ್ಯೂಟರಿಗೆ ಗುತ್ತಿಗೆದಾರ ಯಾವ ಕಾರಣಕ್ಕೂ ಪ್ರವೇಶ ಪಡೆಯುವಂತಿಲ್ಲ.

ತಪ್ಪು ಕಲ್ಪನೆ 2: ಹೆಚ್ಚು ದುಡ್ಡು ಕಟ್ಟಿದರೆ ವೀಸಾ ಖಚಿತ, ಶುಲ್ಕ ಅವರು ಹೇಳಿದಷ್ಟು.

ಸತ್ಯ: ಲೌಂಜಿನಲ್ಲಿ ಸಿಗುವುದು ಮೆತ್ತನೆ ಸೋಫಾ, ಕಡಿಮೆ ಸಾಲು. ಅರ್ಜಿಯ ಕಾಗದಗಳು ಹೋಗಿ ಸೇರುವುದು ಅದೇ ಅಧಿಕಾರಿಯ ಮೇಜಿಗೆ. ಇಂಥ ಸೇವೆಗಳು ಬೇಕಿದ್ದವರಿಗೆ ಮಾತ್ರ, ಬೇಡ ಎನ್ನುವ ಹಕ್ಕು ನಿಮಗಿದೆ.

ಕಡ್ಡಾಯವಾಗಿ ಕಟ್ಟಬೇಕಾದದ್ದು ಎರಡು: ವೀಸಾ ಶುಲ್ಕ ಮತ್ತು ಕೇಂದ್ರದ ಸೇವಾ ಶುಲ್ಕ. ಷೆಂಗೆನ್ ವೀಸಾಕ್ಕೆ 2024ರ ಜೂನ್ 11ರಿಂದ ವಯಸ್ಕರ ಶುಲ್ಕ 90 ಯೂರೊ. ಸೇವಾ ಶುಲ್ಕ ಸಾಮಾನ್ಯವಾಗಿ ಅದರ ಅರ್ಧವನ್ನು, ಅಂದರೆ 45 ಯೂರೊವನ್ನು, ಮೀರುವಂತಿಲ್ಲ. ಈ ಮಿತಿ ಹಾಕಿದ್ದು ಕಂಪನಿಯಲ್ಲ, ಕಾನೂನು.

ತಪ್ಪು ಕಲ್ಪನೆ 3: ಗುತ್ತಿಗೆ ಕೊಟ್ಟಲ್ಲಿಗೆ ಸರ್ಕಾರದ ಹೊಣೆ ಮುಗಿಯಿತು.

ಸತ್ಯ: ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ ಇದು. ಇದನ್ನು ಬಯಲಿಗಿಟ್ಟ ಪ್ರಕರಣದಲ್ಲಿ ಭಾರತೀಯರೇ ಇದ್ದಾರೆ.

ಬ್ರಿಟನ್ನಿನ ವೀಸಾಕ್ಕೆ ಭಾರತ, ನೈಜೀರಿಯಾ ಮತ್ತು ರಷ್ಯಾದಿಂದ ಆನ್‌ಲೈನ್ ಅರ್ಜಿ ಹಾಕುವ ತಾಣವನ್ನು ವಿಎಫ್‌ಎಸ್ ನಡೆಸುತ್ತಿತ್ತು. ಅರ್ಜಿದಾರನೊಬ್ಬ ತನ್ನ ಅರ್ಜಿ ತೆರೆದಾಗ ಬ್ರೌಸರಿನ ವಿಳಾಸಪಟ್ಟಿಯಲ್ಲಿ ಕಾಣುವ ಸಂಖ್ಯೆಯನ್ನು ತುಸು ಬದಲಿಸಿದರೆ ಸಾಕು, ಗುರುತು ಪರಿಚಯವಿಲ್ಲದ ಇನ್ನೊಬ್ಬರ ಅರ್ಜಿ ತೆರೆದುಕೊಳ್ಳುತ್ತಿತ್ತು. ಬೀಗವಿದ್ದ ಮನೆಗೆ ಗೋಡೆಯೇ ಇಲ್ಲದ ಸ್ಥಿತಿ. ಭಾರತದ ಅರ್ಜಿದಾರರೊಬ್ಬರು ಇದನ್ನು ಕಂಡುಹಿಡಿದು ಮೊದಲೇ ಎಚ್ಚರಿಸಿದ್ದರು. ಆದರೂ 2007ರ ಮೇ ತಿಂಗಳಲ್ಲಿ ಚಾನೆಲ್ 4 ನ್ಯೂಸ್ ಸುದ್ದಿ ಮಾಡುವವರೆಗೆ ಆ ಲೋಪ ಹಾಗೇ ಉಳಿದಿತ್ತು. ಬ್ರಿಟನ್ ಸರ್ಕಾರ ಸ್ವತಂತ್ರ ತನಿಖೆಗೆ ಲಿಂಡಾ ಕಾಸ್ಟೆಲೋ ಬೇಕರ್ ಅವರನ್ನು ನೇಮಿಸಿತು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ತೀರ್ಪು ಕೊಟ್ಟಿತು: ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಉಲ್ಲಂಘಿಸಿದ್ದು ಬ್ರಿಟನ್ನಿನ ವಿದೇಶಾಂಗ ಕಚೇರಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ತಾಣ ಕಟ್ಟಿದ್ದು ಕಂಪನಿ, ನಡೆಸಿದ್ದು ಕಂಪನಿ. ಆದರೆ ತಪ್ಪೊಪ್ಪಿ ಲಿಖಿತ ಭರವಸೆ ಕೊಡಬೇಕಾದದ್ದು ಸರ್ಕಾರಿ ಇಲಾಖೆ. ಯಾಕೆಂದರೆ ಅರ್ಜಿದಾರ ತನ್ನ ಜಾತಕವನ್ನೆಲ್ಲ ಬರೆದುಕೊಟ್ಟದ್ದು ಒಂದು ದೇಶವನ್ನು ನಂಬಿ, ಕಂಪನಿಯನ್ನು ನೋಡಿ ಅಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದೇ ತತ್ವವನ್ನು ಒಪ್ಪಿದೆ: ಮಾಹಿತಿ ಸಂಸ್ಕರಿಸುವ ಕೆಲಸವನ್ನು ಬೇರೆಯವರಿಗೆ ವಹಿಸಿದರೂ ವಹಿಸಿದವರೇ ಹೊಣೆ.

ತಪ್ಪು ಕಲ್ಪನೆ 4: ಒಳಗೆ ಏನು ನಡೆಯುತ್ತದೋ ನೋಡುವವರೇ ಇಲ್ಲ, ನಮ್ಮ ಮಾಹಿತಿ ಶಾಶ್ವತವಾಗಿ ಅವರ ಬಳಿ.

ಸತ್ಯ: ನೋಡುವವರಿದ್ದಾರೆ, ನಿಯಮವೂ ಇದೆ. 2019ರಲ್ಲಿ ತಿದ್ದುಪಡಿಯಾದ ಷೆಂಗೆನ್ ಸಂಹಿತೆಯ ಪ್ರಕಾರ, ಗುತ್ತಿಗೆ ಕೊಟ್ಟ ದೇಶ ಕನಿಷ್ಠ 9 ತಿಂಗಳಿಗೊಮ್ಮೆ ಕೇಂದ್ರಕ್ಕೆ ದಿಢೀರ್ ಭೇಟಿ ಕೊಟ್ಟು ತಪಾಸಣೆ ಮಾಡಬೇಕು. ಪ್ರತಿವರ್ಷ ಯುರೋಪಿಯನ್ ಆಯೋಗಕ್ಕೆ ವರದಿ ಒಪ್ಪಿಸಬೇಕು. ಕಾನ್ಸುಲೇಟಿಗೆ ಮಾಹಿತಿ ರವಾನೆಯಾದ ಕೂಡಲೇ ಕೇಂದ್ರ ಅದನ್ನು ಅಳಿಸಬೇಕು. ಹೆಸರು, ಸಂಪರ್ಕ ವಿವರ, ಪಾಸ್‌ಪೋರ್ಟ್ ಸಂಖ್ಯೆಯನ್ನು ಮಾತ್ರ ಪಾಸ್‌ಪೋರ್ಟ್ ವಾಪಸು ಕೊಡುವವರೆಗೆ ಇಟ್ಟುಕೊಂಡು, ನಂತರ 5 ದಿನಗಳಲ್ಲಿ ಅಳಿಸಬೇಕು. ಬ್ರಿಟನ್ನಿನಲ್ಲಿ ಗಡಿ ಮತ್ತು ವಲಸೆ ವ್ಯವಸ್ಥೆಯ ಮೇಲೆ ಕಣ್ಣಿಡಲು ಸ್ವತಂತ್ರ ಮುಖ್ಯ ತಪಾಸಣಾಧಿಕಾರಿಯ ಹುದ್ದೆಯೇ ಇದೆ.

ಆದರೆ ಬರೆದ ನಿಯಮ ತಾನಾಗಿ ನಡೆಯುವುದಿಲ್ಲ. 9 ತಿಂಗಳಲ್ಲಿ ಒಂದು ದಿನ ಬರುವ ತಪಾಸಣೆಗಾರನಿಗೆ ಚಿಕ್ಕಮ್ಮನಿಗೆ ಹೇಳಿದ "ತಗೊಂಡ್ರೆ ಒಳ್ಳೇದು ಮೇಡಂ" ಕೇಳಿಸುವುದಿಲ್ಲ. ಅದನ್ನು ಮುಟ್ಟಿಸಬೇಕಾದವರು ಅರ್ಜಿದಾರರೇ.

ತಪ್ಪು ಕಲ್ಪನೆ 5: ಖಾಸಗಿಗೆ ಕೊಟ್ಟರೆ ಲಂಚ ಹೋಗುತ್ತದೆ.

ಸತ್ಯ: ಲಂಚ ಹುಟ್ಟುವುದು ತೀರ್ಮಾನದ ಅಧಿಕಾರ ಇರುವಲ್ಲಿ, ಮತ್ತು ಯಾರೂ ನೋಡದಿರುವಲ್ಲಿ. 2023ರಲ್ಲಿ ಪೋಲೆಂಡಿನಲ್ಲಿ ಹಣಕ್ಕೆ ವೀಸಾ ಎಂಬ ಹಗರಣ ಸ್ಫೋಟಿಸಿದಾಗ ಕುರ್ಚಿ ಕಳೆದುಕೊಂಡವರು ವಿದೇಶಾಂಗ ಉಪಸಚಿವರು. ಬೆನ್ನಿಗೇ ಸಚಿವಾಲಯ ವೀಸಾ ಅರ್ಜಿ ಪಡೆಯುವ ಹೊರಗುತ್ತಿಗೆಗಳನ್ನು ರದ್ದುಪಡಿಸುವುದಾಗಿ ಘೋಷಿಸಿತು. ಹಾಗಾಗಿ "ಖಾಸಗಿ ಒಳ್ಳೆಯದು, ಸರ್ಕಾರಿ ಕೆಟ್ಟದ್ದು" ಎಂಬ ಮಾತೂ ಪೊಳ್ಳು, ಅದರ ತಿರುವುಮುರುವೂ ಪೊಳ್ಳು.

ತಪ್ಪು ಕಲ್ಪನೆ 6: ನಮ್ಮ ಪಾಸ್‌ಪೋರ್ಟನ್ನೂ ಈಗ ಖಾಸಗಿ ಕಂಪನಿಯೇ ಕೊಡುತ್ತದೆ.

ಸತ್ಯ: ಪಾಸ್‌ಪೋರ್ಟ್ ಸೇವಾ ಯೋಜನೆಯಲ್ಲಿ ಖಾಸಗಿ ಕಂಪನಿ ಟಿಸಿಎಸ್ ಪಾಲುದಾರ ಎಂಬುದು ನಿಜ. 2010ರಲ್ಲಿ ಪ್ರಾಯೋಗಿಕವಾಗಿ ಕೇಂದ್ರಗಳು ತೆರೆದ ಊರುಗಳಲ್ಲಿ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಇದ್ದವು. ಒಳಗೆ ಹೋದವರಿಗೆ ಎ, ಬಿ, ಸಿ ಕೌಂಟರು ನೆನಪಿರುತ್ತದೆ. ಎ ಕೌಂಟರಿನಲ್ಲಿ ಫೋಟೊ, ಬೆರಳಚ್ಚು, ಸ್ಕ್ಯಾನಿಂಗ್ ಮಾಡುವವರು ಕಂಪನಿ ಸಿಬ್ಬಂದಿ. ಬಿ ಕೌಂಟರಿನಲ್ಲಿ ದಾಖಲೆ ಪರಿಶೀಲಿಸುವವರು, ಸಿ ಕೌಂಟರಿನಲ್ಲಿ ಮಂಜೂರು ಮಾಡುವವರು ಸರ್ಕಾರಿ ಅಧಿಕಾರಿಗಳು. ಗೆರೆ ಎಲ್ಲಿದೆ ಎಂಬುದನ್ನು ಇಷ್ಟು ಕಣ್ಣಿಗೆ ಕಾಣುವಂತೆ ಎಳೆದ ವ್ಯವಸ್ಥೆ ಅಪರೂಪ. ಅಂಚೆ ಕಚೇರಿಗಳಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಪ್ರಯೋಗ 2017ರ ಜನವರಿ 25ರಂದು ಶುರುವಾದದ್ದೂ ನಮ್ಮ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ.

ಅಮೆರಿಕದ ಕನ್ನಡಿಗರಿಗೆ ಈ ಹೊರಗುತ್ತಿಗೆಯ ಇನ್ನೊಂದು ಮುಖ ಗೊತ್ತು. ಸಾಗರೋತ್ತರ ಭಾರತೀಯ ಪೌರತ್ವದ (ಒಸಿಐ) ಕಾರ್ಡು, ಭಾರತದ ವೀಸಾ ಅರ್ಜಿಗಳಿಗೆ ಅಲ್ಲಿ ನಮ್ಮ ರಾಯಭಾರ ಕಚೇರಿ ನೇಮಿಸಿದ ಗುತ್ತಿಗೆದಾರರು ಒಬ್ಬರಾದ ಮೇಲೊಬ್ಬರು ಬದಲಾಗಿದ್ದಾರೆ: ಟ್ರಾವಿಸಾ, ಬಿಎಲ್‌ಎಸ್, ಕಾಕ್ಸ್ ಅಂಡ್ ಕಿಂಗ್ಸ್, 2020ರ ಕೊನೆಯಿಂದ ವಿಎಫ್‌ಎಸ್. ಕಂಪನಿ ಬದಲಾದರೂ ಉತ್ತರ ಹೇಳಬೇಕಾದ ಕಚೇರಿ ಬದಲಾಗಲಿಲ್ಲ.

ಇನ್ನೊಂದು ಎಚ್ಚರಿಕೆ. ಊರಲ್ಲಿ ಬೋರ್ಡು ಹಾಕಿಕೊಂಡ ವೀಸಾ ಏಜೆಂಟ್ ಈ ಕೇಂದ್ರಗಳ ಭಾಗವಲ್ಲ. ಕರಾವಳಿಯಿಂದ ಗಲ್ಫಿಗೆ ಕೆಲಸಕ್ಕೆ ಕಳಿಸುವ ನೇಮಕಾತಿ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಲೇಬೇಕು. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿ ಇದೆ. ನೋಂದಣಿ ಸಂಖ್ಯೆ ತೋರಿಸದವರ ಕೈಗೆ ಪಾಸ್‌ಪೋರ್ಟ್ ಕೊಡಬೇಡಿ.

ಚಿಕ್ಕಮ್ಮನಿಗೆ ವೀಸಾ ಬಂತು, ಮೊಮ್ಮಗಳಿಗೆ ನೀರೆರೆದು ವಾಪಸೂ ಬಂದರು. ವೀಸಾ ಬಂದದ್ದು ಲೌಂಜಿನಿಂದಲ್ಲ, ಕಾಗದಪತ್ರ ಸರಿಯಿದ್ದುದರಿಂದ. ನೀವು ಹೋಗುವಾಗ ಕಡ್ಡಾಯ ಶುಲ್ಕ ಎಷ್ಟೆಂದು ರಾಯಭಾರ ಕಚೇರಿಯ ತಾಣದಲ್ಲೇ ನೋಡಿಕೊಂಡು ಹೋಗಿ. ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಬೇಡದ ಸೇವೆಗೆ ಬೇಡ ಎನ್ನಿ. ಅನ್ಯಾಯವಾದರೆ ಕಂಪನಿಗಷ್ಟೇ ಅಲ್ಲ, ಗುತ್ತಿಗೆ ಕೊಟ್ಟ ಕಾನ್ಸುಲೇಟಿಗೂ ಬರೆಯಿರಿ; ಹೊರದೇಶದಲ್ಲಿರುವ ಭಾರತೀಯರಿಗೆ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ ಇದೆ. ಹೊಣೆ ಸರ್ಕಾರದ್ದು ಎಂದು ಕಾನೂನು ಹೇಳಿಯಾಗಿದೆ. ಅದನ್ನು ನೆನಪಿಸುವ ಕೆಲಸ ನಮ್ಮದು.